ಕಾರಿನ ಕೋಟಿಂಗ್ ಕಣ್ಣಿಗೆ ಕಾಣುವುದಿಲ್ಲ, ಮಾಡಿದ ಕೆಲಸ ಕಾಣುತ್ತದೆ: ನನ್ನ ಅನುಭವ

ಸೆರಾಮಿಕ್ ಕೋಟಿಂಗ್ ಎಂದರೆ ಕಾರಿನ ಬಣ್ಣವನ್ನು ಕಾಪಾಡಲು ಅದರ ಮೇಲೆ ಹಚ್ಚುವ, ಗಟ್ಟಿಯಾಗಿ ಕೂರುವ ತೆಳು ಪಾರದರ್ಶಕ ಪದರ. ಅದರಲ್ಲಿ ಒಂದು ದೊಡ್ಡ ತೊಡಕಿದೆ. ಕೆಲಸ ಮುಗಿದ ಮೇಲೆ ಅದು ಕಾರಿನ ಮೇಲೆ ಇದೆಯೋ ಇಲ್ಲವೋ ಎಂದು ಗಿರಾಕಿ ಅಳೆದು ನೋಡುವ ಹಾಗಿಲ್ಲ. ಒಂದು ಪದರದ ದಪ್ಪ ಹೆಚ್ಚೆಂದರೆ ಒಂದೆರಡು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್), ಎಷ್ಟೋ ಸಲ ಅದಕ್ಕಿಂತ ಕಡಿಮೆ. ಬಣ್ಣದ ದಪ್ಪ ಅಳೆಯುವ ಗೇಜ್ ಒಂದೇ ಜಾಗದಲ್ಲಿ ಎರಡು ಸಲ ಇಟ್ಟರೂ ಅಷ್ಟು ವ್ಯತ್ಯಾಸ ತೋರಿಸುತ್ತದೆ. ಅದಕ್ಕೇ ನೀರು ಸುರಿದು, ಮಣಿ ಮಣಿಯಾಗಿ ಜಾರುವುದನ್ನು ತೋರಿಸಿ 'ನೋಡಿ ಸಾರ್, ಕೋಟಿಂಗ್' ಎನ್ನುತ್ತಾರೆ. ಅಗ್ಗದ ಸ್ಪ್ರೇ ವ್ಯಾಕ್ಸ್ ಹೊಡೆದರೂ ನೀರು ಹಾಗೇ ಜಾರುತ್ತದೆ.

ನಾನು ಬೆಂಗಳೂರಿನಲ್ಲಿ ಒಂದು ಸಣ್ಣ ಡೀಟೇಲಿಂಗ್ ಸ್ಟುಡಿಯೋ, ಅಂದರೆ ಕಾರು ತೊಳೆದು, ಪಾಲಿಶ್ ಮಾಡಿ, ಕೋಟಿಂಗ್ ಹಚ್ಚುವ ಅಂಗಡಿ, ನಡೆಸುತ್ತೇನೆ. ಮೊದಲು ಜೆ.ಸಿ. ರಸ್ತೆಯ ಕಾರ್ ಅಕ್ಸೆಸರಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದೆ, ಪಾಲಿಶ್ ಮಷಿನ್ ಹಿಡಿಯಲು ಕಲಿತದ್ದು ಅಲ್ಲೇ. ಆಮೇಲೆ ಒಂದು ಕೋಟಿಂಗ್ ಕಂಪನಿಯ ತರಬೇತಿ ಮುಗಿಸಿ ಸರ್ಟಿಫೈಡ್ ಇನ್‌ಸ್ಟಾಲರ್ ಆದೆ. ಆ ಸರ್ಟಿಫಿಕೇಟ್ ಈಗಲೂ ಗೋಡೆಯ ಮೇಲಿದೆ. ಅದನ್ನು ನೋಡಿಯೇ ಜನ ಕಾರು ಬಿಟ್ಟು ಹೋಗುತ್ತಾರೆ. ಆದ್ದರಿಂದ ಅದು ಯಾವುದಕ್ಕೆ ಸಾಕ್ಷಿ, ಯಾವುದಕ್ಕೆ ಅಲ್ಲ ಎಂದು ಹೇಳುವುದು ನನ್ನ ಜವಾಬ್ದಾರಿ ಅನಿಸುತ್ತದೆ.

ಮೊದಲು ಅದರ ಒಳ್ಳೆಯ ಮುಖ ಹೇಳುತ್ತೇನೆ. ಕೆಲವು ಕೋಟಿಂಗ್‌ಗಳನ್ನು ತರಬೇತಿ ಪಡೆದವರಿಗೆ ಮಾತ್ರ ಮಾರುವುದಕ್ಕೆ ಸರಿಯಾದ ಕಾರಣವೇ ಇದೆ. ಬ್ರಿಟನ್ನಿನ ಜಿಟೆಕ್ನಿಕ್ ಕಂಪನಿಯ ಕ್ರಿಸ್ಟಲ್ ಸೀರಮ್ ಅಲ್ಟ್ರಾ ಅವರು ಒಪ್ಪಿದ ಡೀಟೇಲರ್‌ಗಳ ಕೈಗೆ ಮಾತ್ರ ಸಿಗುತ್ತದೆ. ಅದರ ಜೊತೆಯ ಕ್ರಿಸ್ಟಲ್ ಸೀರಮ್ ಲೈಟ್ ಅನ್ನು ಯಾರು ಬೇಕಾದರೂ ಕೊಂಡು ಹಚ್ಚಬಹುದು. ಗಟ್ಟಿಯಾಗಿ ಕೂರುವ ಕೋಟಿಂಗ್ ಹಚ್ಚಿದ ಮೇಲೆ ಅದು ಮಳೆಬಿಲ್ಲಿನ ಬಣ್ಣ ತೋರಿಸಿ 'ಫ್ಲ್ಯಾಶ್' ಆಗುವ ಹೊತ್ತು ನೋಡಿ ಒರೆಸಬೇಕು. ಬೇಗ ಒರೆಸಿದರೆ ಎದ್ದು ಬರುತ್ತದೆ. ತಡವಾದರೆ ಕಪ್ಪು ಕಲೆಯ ಹಾಗೆ ಉಳಿದುಬಿಡುತ್ತದೆ. ಇದಕ್ಕೆ ನಾವು ಹೈ ಸ್ಪಾಟ್ ಎನ್ನುತ್ತೇವೆ. ಅದು ಒಣಗಿ ಗಟ್ಟಿಯಾದ ಮೇಲೆ ಬಟ್ಟೆಯಿಂದ ಹೋಗುವುದಿಲ್ಲ, ಮತ್ತೆ ಮಷಿನ್ ಹಾಕಿ ತೆಗೆಯಬೇಕು. ಮಳೆಗಾಲದ ತೇವಕ್ಕೂ ಏಪ್ರಿಲ್ ಬಿಸಿಲಿಗೂ ಫ್ಲ್ಯಾಶ್ ಆಗುವ ಹೊತ್ತು ಬದಲಾಗುತ್ತದೆ. ಎಷ್ಟೋ ಕೋಟಿಂಗ್‌ಗಳು ಗಾಳಿಯ ತೇವಾಂಶ ಹೀರಿಯೇ ಗಟ್ಟಿಯಾಗುವುದು. ಇದನ್ನೆಲ್ಲ ತರಬೇತಿಯಲ್ಲಿ ಚೆನ್ನಾಗಿ ಕಲಿಸುತ್ತಾರೆ.

ಕಲಿಸಲಾಗದ್ದು ಪಾಲಿಶಿಂಗ್. ಅದಕ್ಕೆ ಕೆಲವು ದಿನದ ಕ್ಲಾಸು ಸಾಲುವುದಿಲ್ಲ. ಗಿರಾಕಿ ಕೊಡುವ ಹಣದಲ್ಲಿ ಹೆಚ್ಚು ಪಾಲು ಹೋಗುವುದು, ಹೋಗಬೇಕಾದದ್ದು ಇಲ್ಲಿಗೇ. ಕೋಟಿಂಗ್ ಪಾರದರ್ಶಕ. ಕೆಳಗೆ ಗೀರಿದ್ದರೆ ಆ ಗೀರನ್ನೇ ಒಳಗೆ ಹಿಡಿದಿಟ್ಟು ವರ್ಷಗಟ್ಟಲೆ ತೋರಿಸುತ್ತದೆ.

ನನ್ನ ಸ್ಟುಡಿಯೋದಲ್ಲಿ ಕೆಲಸ ನಡೆಯುವ ರೀತಿ ಹೀಗೆ. ಕಾರು ಬಂದ ತಕ್ಷಣ ತೊಳೆದು, ಐರನ್ ರಿಮೂವರ್ ಹೊಡೆಯುತ್ತೇನೆ. ಬ್ರೇಕಿನಿಂದ, ರೈಲು ಹಳಿಯ ಕಡೆಯಿಂದ ಹಾರಿ ಬಂದು ಬಣ್ಣದಲ್ಲಿ ಕೂತ ಕಬ್ಬಿಣದ ಕಣಗಳ ಮೇಲೆ ಅದು ನೇರಳೆ ಬಣ್ಣವಾಗಿ ಇಳಿಯುತ್ತದೆ. ವಾಸನೆ ಮಾತ್ರ ತಡೆಯೋಕಾಗಲ್ಲ. ಆಮೇಲೆ ಕ್ಲೇ, ಅಂದರೆ ಕೊಳೆ ಎತ್ತುವ ಜೇಡಿಮಣ್ಣಿನಂಥ ಮೆತ್ತನೆಯ ಉಂಡೆ, ಉಜ್ಜಿ, ಬೆರಳಿಗೆ ಮರಳು ಮರಳಾಗಿ ಸಿಗುವುದನ್ನೆಲ್ಲ ತೆಗೆಯುತ್ತೇನೆ. ಇದಾದ ಮೇಲೆ ಗೇಜ್.

ಗೇಜ್ ಇಲ್ಲದೆ ಮಷಿನ್ ಮುಟ್ಟುವವರ ಹತ್ತಿರ ನಾನು ನನ್ನ ಕಾರನ್ನಂತೂ ಬಿಡುವುದಿಲ್ಲ. ಕಂಪನಿಯಿಂದ ಬಂದ ಬಣ್ಣ ಎಲ್ಲ ಪದರ ಸೇರಿ ಸುಮಾರು 100ರಿಂದ 140 ಮೈಕ್ರಾನ್ ಇರುತ್ತದೆ. ಅದರಲ್ಲಿ ಕ್ಲಿಯರ್ ಕೋಟ್, ಅಂದರೆ ಎಲ್ಲಕ್ಕಿಂತ ಮೇಲಿನ ಪಾರದರ್ಶಕ ಪದರ, ಸುಮಾರು 35ರಿಂದ 50. ಪಾಲಿಶ್ ಎಂದರೆ ಆ ಕ್ಲಿಯರ್ ಕೋಟನ್ನು ಸ್ವಲ್ಪ ಸ್ವಲ್ಪ ಸವೆಸುವುದು. ಹೋದದ್ದು ಮತ್ತೆ ಬರುವುದಿಲ್ಲ. ಬಾಗಿಲಲ್ಲಿ 115 ತೋರಿಸಿ ಫೆಂಡರ್‌ನಲ್ಲಿ 250 ತೋರಿಸಿದರೆ ಅಲ್ಲಿ ಮರುಬಣ್ಣ ಆಗಿದೆ ಎಂದರ್ಥ. ಇನ್ನೂ ಎಷ್ಟೋ ಜಾಸ್ತಿ ಬಂದರೆ ಕೆಳಗೆ ಪುಟ್ಟಿ ಇದೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡ ಕೆಲವರಿಗೆ ತಮ್ಮ ಕಾರು ಆಕ್ಸಿಡೆಂಟ್ ಆಗಿತ್ತೆಂದು ಗೊತ್ತಾಗುವುದೇ ಈ ಹೊತ್ತಿನಲ್ಲಿ. ಪ್ಲಾಸ್ಟಿಕ್ ಬಂಪರ್ ಮೇಲೆ ಈ ಗೇಜ್ ಕೆಲಸ ಮಾಡುವುದಿಲ್ಲ, ಕೆಳಗೆ ಕಬ್ಬಿಣವೋ ಅಲ್ಯೂಮಿನಿಯಮ್ಮೋ ಬೇಕು. ಅದಕ್ಕೇ ಬಂಪರ್ ಮೇಲೆ ಕೈ ಹಗುರ ಇಡುತ್ತೇನೆ. ಎಲ್ಲ ಪ್ಯಾನೆಲ್‌ಗಳ ಅಳತೆಯನ್ನೂ ಒಂದು ಹಾಳೆಯಲ್ಲಿ ಬರೆದು ಗಿರಾಕಿಗೆ ಕೊಡುತ್ತೇನೆ.

ನಂತರ ಬಾನೆಟ್ ಮೇಲೆ ಅಂಗೈಯಗಲದ ಜಾಗದಲ್ಲಿ ಟೆಸ್ಟ್ ಸ್ಪಾಟ್. ಎಲ್ಲಕ್ಕಿಂತ ಮೆತ್ತನೆಯ ಪ್ಯಾಡ್, ಎಲ್ಲಕ್ಕಿಂತ ನಯವಾದ ಪಾಲಿಶ್‌ನಿಂದ ಶುರು. ಸಾಲದಿದ್ದರೆ ಒಂದು ಮೆಟ್ಟಿಲು ಮೇಲೆ. ಗೀರು ಹೋದ ಹಾಗೆ ಕಂಡರೆ ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿದ ನೀರು ಹೊಡೆದು ಒರೆಸುತ್ತೇನೆ. ಈ ಹಂತವನ್ನು ಗಿರಾಕಿಗಳು ಕಣ್ಣಾರೆ ನೋಡಬೇಕು ಎಂಬುದು ನನ್ನ ಆಸೆ. ಪಾಲಿಶ್‌ನಲ್ಲಿರುವ ಎಣ್ಣೆ ಮತ್ತು ಫಿಲ್ಲರ್ ಗೀರಿನೊಳಗೆ ಕೂತು ಬಣ್ಣ ಕನ್ನಡಿಯ ಹಾಗೆ ಹೊಳೆಯುತ್ತಿರುತ್ತದೆ. ಆಲ್ಕೋಹಾಲ್ ಬಿದ್ದ ಮೇಲೆ ಉಳಿಯುವುದೇ ನಿಜವಾದ ಮೇಲ್ಮೈ. ಜೇಡರ ಬಲೆಯಂಥ ಗೀರುಗಳು ಮತ್ತೆ ಕಂಡರೆ ಅವು ಹೋಗಿರಲಿಲ್ಲ, ಅಡಗಿದ್ದವು ಅಷ್ಟೇ.

ಒಮ್ಮೆ ನನ್ನ ಹತ್ತಿರ ಒಂದು ಕಪ್ಪು ಸೆಡಾನ್ ಬಂತು. ಬೇರೆ ಕಡೆ ಐದು ವರ್ಷದ ವಾರಂಟಿಯ ಕೋಟಿಂಗ್ ಆಗಿತ್ತು. ಕಾರ್ಡಿನ ಮೇಲೆ ಸರ್ಟಿಫೈಡ್ ಎಂದೇ ಇತ್ತು, ಅದು ಸುಳ್ಳಾಗಿರಲಿಲ್ಲ. ಕೆಲವೇ ತಿಂಗಳಲ್ಲಿ ಬಿಸಿಲಿಗೆ ನಿಲ್ಲಿಸಿದರೆ ಹೊಲೊಗ್ರಾಮ್ ಕಾಣಲು ಶುರುವಾಗಿತ್ತು. ಒಂದೇ ಸಮ ಗಿರಗಿರನೆ ತಿರುಗುವ ರೋಟರಿ ಪಾಲಿಶ್ ಮಷಿನ್ ಓಡಿದ ದಾರಿಯಲ್ಲೇ ಬಿಸಿಲು ಹರಿದಾಡುವಂಥ ಗುರುತುಗಳು ಅವು. ಗೇಜ್ ಇಟ್ಟರೆ ಬಾಗಿಲುಗಳು 110 ಮೈಕ್ರಾನ್‌ ಮೇಲಿದ್ದವು. ಬಾನೆಟ್ ಅಂಚಿನ ಗೆರೆಯ ಹತ್ತಿರ 80ಕ್ಕಿಂತ ಕಡಿಮೆ. ಯಾರೋ ಅವಸರದಲ್ಲಿ ಬಣ್ಣ ಹೆಚ್ಚು ಸವೆಸುವ ಒರಟು ಪಾಲಿಶ್ (ಕಾಂಪೌಂಡ್) ಹಾಕಿ ಓಡಿಸಿ, ನಯಗೊಳಿಸುವ ಎರಡನೇ ಸುತ್ತನ್ನು ಬಿಟ್ಟು, ಗೀರು ತುಂಬಿ ಅಡಗಿಸುವ ಗ್ಲೇಜ್ ಹಚ್ಚಿ ಮುಚ್ಚಿದ್ದರು. ಮಾಲೀಕರು ಕೇಳಿದ್ದು ಒಂದೇ ಪ್ರಶ್ನೆ: 'ಕೋಟಿಂಗ್ ಹಾಕಿದ್ದಾರಾ, ಇಲ್ವಾ?' ನಾನು ಕೊಡಬಹುದಾದ ಪ್ರಾಮಾಣಿಕ ಉತ್ತರ, ಈಗ ಯಾರೂ ಹೇಳಲಾರರು ಎಂಬುದು. ಆದರೆ ಮಾಡಿದ ಪಾಲಿಶ್ ಮಾತ್ರ ಎದುರಿಗೇ ಇತ್ತು. ಆ ಬಾನೆಟ್ ಮೇಲೆ ನಾನು ಪೂರ್ತಿ ಕರೆಕ್ಷನ್, ಅಂದರೆ ಎಲ್ಲ ಗೀರು ಹೋಗುವವರೆಗೆ ಪಾಲಿಶ್, ಮಾಡಲಿಲ್ಲ. ತಿರುಗುತ್ತಲೇ ಅಲುಗಾಡುವ, ಬಣ್ಣಕ್ಕೆ ಹಗುರವಾದ ಡಿ.ಎ. (ಡ್ಯುಯಲ್ ಆಕ್ಷನ್) ಮಷಿನ್ನಿನಲ್ಲಿ ನಯವಾದ ಪಾಲಿಶ್ ಒಂದು ಸುತ್ತು ಹಾಕಿ, ಹೊಲೊಗ್ರಾಮ್ ತೆಗೆದು, ಆಳದ ಗೀರುಗಳನ್ನು ಹಾಗೇ ಬಿಟ್ಟೆ. ಅಂಚುಗಳಿಗೆ ಟೇಪ್ ಹಾಕಿದ್ದೆ. ಗೀರಿರುವ ಬಣ್ಣ ಇನ್ನೂ ಬಹಳ ವರ್ಷ ಬಾಳುತ್ತದೆ, ಕ್ಲಿಯರ್ ಕೋಟ್ ಹೋದ ಬಣ್ಣ ಬಾಳುವುದಿಲ್ಲ.

ಆ ಕಾರಿನಿಂದ ಆಚೆಗೆ ಬಾಟಲಿಯ ವಿಷಯದಲ್ಲಿ ನಾನು ಇನ್ನೂ ಬಿಗಿಯಾದೆ. ಕೋಟಿಂಗ್ ಸಾಮಾನ್ಯವಾಗಿ 30 ಅಥವಾ 50 ಮಿಲಿಲೀಟರ್ ಬಾಟಲಿಯಲ್ಲಿ ಬರುತ್ತದೆ. ಒಮ್ಮೆ ತೆರೆದರೆ ಗಾಳಿಯ ತೇವಕ್ಕೆ ಒಳಗೇ ಕೆಡಲು ಶುರು. ಒಂದು ಬಾಟಲಿಯನ್ನು ಮೂರು ಕಾರಿಗೆ ಎಳೆಯುವುದು, ತೆರೆದಿಟ್ಟದ್ದನ್ನು ತಿಂಗಳಾದ ಮೇಲೆ ಬಳಸುವುದು, ದುಬಾರಿ ಹೆಸರು ಹೇಳಿ ಅಗ್ಗದ್ದು ಹಚ್ಚುವುದು ಎಲ್ಲವೂ ಸುಲಭ, ಏಕೆಂದರೆ ಮುಗಿದ ಮೇಲೆ ಪುರಾವೆ ಇರುವುದಿಲ್ಲ. ಅದಕ್ಕೇ ನಾನು ಗಿರಾಕಿಯ ಮುಂದೆ ಸೀಲ್ ಒಡೆಯುತ್ತೇನೆ. ಬರಲಾಗದವರಿಗೆ ವಿಡಿಯೋ ಕಾಲ್. ಬಾಟಲಿಯ ಮೇಲಿನ ನಂಬರನ್ನು ಕಾರಿನ ರಿಜಿಸ್ಟ್ರೇಷನ್ ನಂಬರಿನ ಜೊತೆ ಬಿಲ್ಲಿನಲ್ಲಿ ಬರೆಯುತ್ತೇನೆ, ಖಾಲಿ ಬಾಟಲಿಯನ್ನು ಕಾರಿನ ಜೊತೆಗೇ ಕಳಿಸುತ್ತೇನೆ. ಕೇಳಿದರೆ ಯಾವ ಒಳ್ಳೆಯ ಇನ್‌ಸ್ಟಾಲರ್ ಕೂಡ ಬೇಡ ಎನ್ನುವುದಿಲ್ಲ. ಮುಖ ಸಣ್ಣದು ಮಾಡಿಕೊಂಡರೆ ಕಾರು ವಾಪಸ್ ತೆಗೆದುಕೊಂಡು ಹೋಗಿ.

ಸಮಯವೂ ಬಹಳ ಹೇಳುತ್ತದೆ. ತೊಳೆದು, ಕ್ಲೇ ಮಾಡಿ, ಎರಡು ಸುತ್ತು ಪಾಲಿಶ್ ಮಾಡಿ, ಕೋಟಿಂಗ್ ಹಚ್ಚಿ, ಗಟ್ಟಿಯಾಗಲು ಬಿಡಬೇಕು ಅಂದರೆ ಎರಡು ಮೂರು ದಿನ ಬೇಕೇ ಬೇಕು. ಬೆಳಿಗ್ಗೆ ಕೊಟ್ಟು ಸಂಜೆ ಬನ್ನಿ ಎಂದರೆ ಪಾಲಿಶ್ ಆಗಿಲ್ಲ ಅಂತಲೇ ತಿಳಿಯಿರಿ. ಹೊಸ ಕಾರಿಗೂ ಪಾಲಿಶ್ ಬೇಕಾಗುತ್ತದೆ. ಯಾರ್ಡಿನಲ್ಲಿ ದೂಳು ಕೂತ ಕಾರನ್ನು ಡೆಲಿವರಿ ದಿನ ಅವಸರದಲ್ಲಿ ಒರೆಸಿದರೆ ಗೀರು ಅಲ್ಲೇ ಬೀಳುತ್ತದೆ. ಬುಕ್ ಮಾಡುವಾಗಲೇ 'ತೊಳೆಯಬೇಡಿ, ದೂಳಿನ ಸಮೇತ ಕೊಡಿ' ಎಂದು ಬರೆದು ಕೊಡಿ ಎಂದು ನಾನು ಪರಿಚಯದವರಿಗೆಲ್ಲ ಹೇಳುತ್ತೇನೆ. ಮರುಬಣ್ಣ ಆದ ಪ್ಯಾನೆಲ್ ಇದ್ದರೆ ಸುಮಾರು ಒಂದು ತಿಂಗಳು ಕಾಯಿಸುತ್ತೇನೆ. ಒಳಗಿನ ಸಾಲ್ವೆಂಟ್ ಆರಬೇಕು.

ಮಾರುವಾಗ ಹೇಳುವ ಮಾತುಗಳ ಬಗ್ಗೆಯೂ ಒಂದಿಷ್ಟು. 9ಎಚ್ ಅನ್ನುವುದು ಪೆನ್ಸಿಲ್ ಗಟ್ಟಿತನದ ಅಳತೆ. ಬೇರೆ ಬೇರೆ ಗಟ್ಟಿತನದ ಪೆನ್ಸಿಲ್‌ಗಳನ್ನು ಮೇಲ್ಮೈ ಮೇಲೆ ಒತ್ತಿ ಎಳೆದು, ಯಾವುದರಿಂದ ಗುರುತು ಬೀಳುತ್ತದೆಂದು ನೋಡುವ ಪರೀಕ್ಷೆ. ಇದಕ್ಕೂ ವಜ್ರದ ಗಟ್ಟಿತನ ಹೇಳುವ ಮೋಸ್ ಅಳತೆಗೂ ಸಂಬಂಧ ಇಲ್ಲ. ರಸ್ತೆಯ ಮರಳು ಕೋಟಿಂಗನ್ನೂ ಗೀರುತ್ತದೆ. ಹೈವೇಯಲ್ಲಿ ಹಾರುವ ಕಲ್ಲನ್ನು ಕೋಟಿಂಗ್ ತಡೆಯುವುದೇ ಇಲ್ಲ. ಅದಕ್ಕೆ ಬೇಕಾದದ್ದು ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್), ಅಂದರೆ ಬಣ್ಣದ ಮೇಲೆ ಅಂಟಿಸುವ ಪಾಲಿಯುರೆಥೇನ್ ಫಿಲ್ಮ್. ಅದು 150ರಿಂದ 200 ಮೈಕ್ರಾನ್ ದಪ್ಪ, ಬೆಲೆಯೂ ಎಷ್ಟೋ ಪಟ್ಟು ಜಾಸ್ತಿ. ಕೋಟಿಂಗ್ ನಿಜವಾಗಿ ಕೊಡುವುದು ಬೇರೆ: ಕೊಳೆ ಸುಲಭವಾಗಿ ಬಿಡುತ್ತದೆ, ಹಕ್ಕಿ ಹಿಕ್ಕೆ ಬಣ್ಣ ತಿನ್ನುವ ಮುಂಚೆ ತೊಳೆಯಲು ಸ್ವಲ್ಪ ಹೊತ್ತು ಸಿಗುತ್ತದೆ, ಹೊಳಪು ಬಹಳ ಕಾಲ ಉಳಿಯುತ್ತದೆ. ಇಷ್ಟೇ ಹೇಳಿ ಮಾರಿದರೂ ಅದು ಒಳ್ಳೆಯ ವಸ್ತು.

ವಾರಂಟಿ ಕಾರ್ಡಿನ ಹಿಂಭಾಗ ಓದದೆ ಸಹಿ ಹಾಕಬೇಡಿ. ಗೀರು, ಕಲ್ಲೇಟು, ನೀರಿನ ಕಲೆ, ಹಕ್ಕಿ ಹಿಕ್ಕೆ ಇವುಗಳನ್ನು ಹೊರಗಿಡುವುದು ಮಾಮೂಲು. ಪ್ರತಿ ವರ್ಷ, ಕೆಲವು ಕಡೆ ಆರು ತಿಂಗಳಿಗೊಮ್ಮೆ, ಅವರಲ್ಲೇ ದುಡ್ಡು ಕೊಟ್ಟು ಸರ್ವೀಸ್ ಮಾಡಿಸದಿದ್ದರೆ ವಾರಂಟಿ ರದ್ದು. ಅದು ಕಂಪನಿಯ ವಾರಂಟಿಯೋ ಸ್ಟುಡಿಯೋದ್ದೋ ಎಂದು ಕೇಳಿ. ಸ್ಟುಡಿಯೋದ್ದಾದರೆ ಅಂಗಡಿ ಮುಚ್ಚಿದ ದಿನವೇ ಅದೂ ಮುಗಿಯಿತು. ಕಂಪನಿಯದ್ದಾದರೆ ನಿಮ್ಮ ಕಾರು ಅವರಲ್ಲಿ ನೋಂದಣಿ ಆಗಿದೆಯೇ ಎಂದು ಕಂಪನಿಗೇ ನೇರವಾಗಿ ಬರೆದು ಕೇಳಿ, ಇನ್‌ಸ್ಟಾಲರ್ ಈಗಲೂ ಅವರ ಪಟ್ಟಿಯಲ್ಲಿದ್ದಾರೆಯೇ ಎಂದೂ ಕೇಳಿ. ಜಿಎಸ್‌ಟಿ ಬಿಲ್ ಬಿಡಬೇಡಿ. ಬಿಲ್ ಇದ್ದರೆ ಸೇವೆಯ ಕೊರತೆ ಎಂದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವುದು ಸುಲಭವಾಗುತ್ತದೆ.

ಬೆಂಗಳೂರಿನಲ್ಲಿ ಕೋಟಿಂಗ್ ಹಾಳಾಗುವುದು ಹೆಚ್ಚಾಗಿ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ. ಬೋರ್‌ವೆಲ್ಲಿನ ಗಡಸು ನೀರು ಒಂದು ಬಕೆಟ್, ಒಂದೇ ಬಟ್ಟೆ, ಬೆಳಿಗ್ಗೆ ಹತ್ತಾರು ಕಾರು. ಒರೆಸುವವರನ್ನು ದೂರಬೇಡಿ, ಅವರಿಗೆ ಸಿಗುವ ಹಣದಲ್ಲಿ ಬೇರೆ ದಾರಿ ಇಲ್ಲ. ಪ್ರತಿದಿನ ಒರೆಸುವುದನ್ನು ನಿಲ್ಲಿಸಿ, ಅದೇ ಸಂಬಳಕ್ಕೆ ವಾರಕ್ಕೊಮ್ಮೆ ತೊಳೆಯಲು ಹೇಳಿ. ಎರಡು ಬಕೆಟ್, ಒಂದು ಶಾಂಪೂ, ನಾಲ್ಕು ಮೈಕ್ರೋಫೈಬರ್ ಬಟ್ಟೆ ನೀವೇ ಕೊಡಿಸಿ. ಕೊನೆಯಲ್ಲಿ ನೀರು ಕಾರಿನ ಮೇಲೇ ಒಣಗಲು ಬಿಡಬಾರದು. ಒಣಗಿದರೆ ಸುಣ್ಣದ ಕಲೆ ಕೂರುತ್ತದೆ, ಕೋಟಿಂಗ್ ಮೇಲೂ ಕೂರುತ್ತದೆ. ಕೋಟಿಂಗ್ ಆದ ಮೊದಲ 24 ಗಂಟೆ ನೀರೇ ತಾಗಬಾರದು, ಮೊದಲ ವಾರ ಶಾಂಪೂ ಬೇಡ.

ಕೋಟಿಂಗ್ ಒಗ್ಗದವರೂ ಇದ್ದಾರೆ. ಬೀದಿಯಲ್ಲಿ ಮಳೆಮರದ ಕೆಳಗೆ ಕಾರು ನಿಲ್ಲಿಸುವವರು, ದಿನಾ ಒಣಬಟ್ಟೆಯಲ್ಲಿ ದೂಳು ಕೊಡವದೆ ಇರಲಾರದವರು, ವರ್ಷದೊಳಗೆ ಕಾರು ಮಾರುವವರು. ಅವರಿಗೆ ನಾನು ಕೋಟಿಂಗ್ ಬೇಡ ಎನ್ನುತ್ತೇನೆ. ಚೆನ್ನಾಗಿ ತೊಳೆದು, ಒಂದು ಸುತ್ತು ಹಗುರ ಪಾಲಿಶ್ ಮಾಡಿ, ಸೀಲೆಂಟ್ (ವ್ಯಾಕ್ಸ್‌ನಂಥ ಸರಳ ರಕ್ಷಣೆಯ ಪದರ) ಹಚ್ಚಿ ಕಳಿಸುತ್ತೇನೆ. ಕೆಲವು ತಿಂಗಳು ಬರುತ್ತದೆ, ಮತ್ತೆ ಹಚ್ಚಿದರಾಯಿತು.