ಪ್ಯಾನೆಲ್‌ನಲ್ಲೇ ಐಪ್ಯಾಡ್: ನನ್ನ ಸೆಸ್ನಾ 172ರ ಅನುಭವ

ನಕ್ಷೆ ನೋಡಲು ಕಾಕ್‌ಪಿಟ್‌ನಲ್ಲಿಡುವ ಐಪ್ಯಾಡ್ ಬಿಸಿಲಿಗೆ ಕಾದು ತಾನೇ ಆಫ್ ಆಗುತ್ತದೆ. ಅದನ್ನು ಯೋಕ್ (ವಿಮಾನ ತಿರುಗಿಸುವ ಹಿಡಿ) ಮೇಲಿಂದ ತೆಗೆದು ಉಪಕರಣಗಳ ಪ್ಯಾನೆಲ್‌ಗೇ ಕೂರಿಸುತ್ತೇನೆ, ಬೆನ್ನಿಗೆ ರೇಡಿಯೋಗಳನ್ನು ತಂಪಾಗಿಡುವ ಏವಿಯಾನಿಕ್ಸ್ ಫ್ಯಾನಿನ ಗಾಳಿ ಬಿಡುತ್ತೇನೆ ಎಂದಾಗ ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನ ನಮ್ಮ ಹ್ಯಾಂಗರ್ ಸಾಲಿನಲ್ಲಿ ಯಾರೂ ನಂಬಲಿಲ್ಲ. ಪ್ಯಾನೆಲ್ ಹಿಂದಿನ ಬಿಸಿ ಗಾಳಿಯನ್ನೇ ಆ ಫ್ಯಾನ್ ತಿರುಗಿಸಿ ತಿರುಗಿಸಿ ಊದುತ್ತದೆ, ಇನ್ನೂ ಬೇಗ ಆಫ್ ಆಗುತ್ತದೆ ಅಂದರು. ಈಗ ಎರಡು ಬೇಸಿಗೆ ಕಳೆದಿವೆ. ಜುಲೈನಲ್ಲಿ ರೆಡ್ಡಿಂಗ್‌ಗೆ ಹೋಗಿ ಬಂದಿದ್ದೇನೆ, ಅಲ್ಲಿ ವಿಮಾನ ನಿಲ್ಲಿಸುವ ರ‍್ಯಾಂಪ್ ಮೇಲೆ 40 ಡಿಗ್ರಿ ದಾಟಿತ್ತು. ಟ್ಯಾಬ್ಲೆಟ್ ಒಂದು ಸಲವೂ ಕೈಕೊಟ್ಟಿಲ್ಲ. ರೆಡ್ಡಿಂಗ್ ಇರುವ ಸೆಂಟ್ರಲ್ ವ್ಯಾಲಿಯಲ್ಲಿ ಬೇಸಿಗೆ ಹಾರಾಟ ಮಾಡಿದವರಿಗೆ ಇದರ ಬೆಲೆ ಗೊತ್ತು ಅಲ್ವಾ?

ವಿಮಾನ 1976ರ ಸೆಸ್ನಾ 172ಎಂ, ಒಂದೇ ಎಂಜಿನ್ನಿನ ನಾಲ್ಕು ಸೀಟಿನದು, 14 ವೋಲ್ಟ್. ಕೊಂಡಾಗ ಪ್ಯಾನೆಲ್ ಪೂರ್ತಿ ಹಳೆಯದು. ಎರಡು ನ್ಯಾವ್‌ಕಾಮ್ (ಮಾತಿಗೂ ದಾರಿ ತೋರಲೂ ಒಂದೇ ರೇಡಿಯೋ), ಅದರಲ್ಲಿ ಎರಡನೆಯದು ಸತ್ತೇಹೋಗಿತ್ತು. ಯಾರೂ ಬಳಸದ ಎಡಿಎಫ್ ಎಂಬ ದಾರಿ ತೋರುವ ಹಳೆಯ ಉಪಕರಣ ಒಂದಿತ್ತು. ವಿಮಾನದ ವಾಲು, ದಿಕ್ಕು ತೋರಿಸುವ ಗೈರೋಗಳು ವ್ಯಾಕ್ಯೂಮ್ ಪಂಪ್ ಮೇಲೆ ನಡೆಯುತ್ತಿದ್ದವು. ಜೊತೆಗೆ 2020ರ ಜನವರಿ 1ರಿಂದ ದೊಡ್ಡ ನಿಲ್ದಾಣಗಳ ಸುತ್ತ ಎಡಿಎಸ್‌-ಬಿ ಔಟ್, ಅಂದರೆ ವಿಮಾನ ತನ್ನ ಜಾಗ, ಎತ್ತರವನ್ನು ತಾನೇ ಬಿತ್ತರಿಸುವ ವ್ಯವಸ್ಥೆ, ಕಡ್ಡಾಯ. ಲಿವರ್‌ಮೋರ್ ಸ್ಯಾನ್ ಫ್ರಾನ್ಸಿಸ್ಕೋದ 30 ನಾಟಿಕಲ್ ಮೈಲಿ ವೇಲ್ (ಈ ನಿಯಮ ಅನ್ವಯಿಸುವ ವೃತ್ತ) ಒಳಗೇ ಇರುವುದರಿಂದ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

ಒಂದು ಏವಿಯಾನಿಕ್ಸ್ ಶಾಪ್ ಎಡಿಎಸ್‌-ಬಿ ಮತ್ತು ಗೈರೋಗಳ ಬದಲಿಗೆ ಬರುವ ಗಾರ್ಮಿನ್ ಕಂಪನಿಯ ಎರಡು ಜಿ5 ಎಲೆಕ್ಟ್ರಾನಿಕ್ ಪರದೆ ಸೇರಿ ಸುಮಾರು 18 ಸಾವಿರ ಡಾಲರ್ ಹೇಳಿತು. ಅದೂ ಐದಾರು ತಿಂಗಳು ಕಾಯಬೇಕು. ಇನ್ನೊಂದು ಶಾಪ್ ಫೋನ್ ಕೂಡ ವಾಪಸ್ ಮಾಡಲಿಲ್ಲ. ಆಗ ನಿರ್ಧಾರ ಮಾಡಿದೆ: ಕೆಲಸ ನಾನೇ ಮಾಡುವುದು, ಐಎ (ತಪಾಸಣೆ ಮಾಡಿ ಒಪ್ಪಿಗೆ ಕೊಡುವ ಅಧಿಕಾರ) ಇರುವ ನಮ್ಮ ಮೆಕ್ಯಾನಿಕ್ ನೋಡಿಕೊಂಡು ಸಹಿ ಹಾಕುವುದು. ಅಮೆರಿಕದ ವಿಮಾನ ನಿರ್ವಹಣೆಯ ನಿಯಮ ಪಾರ್ಟ್ 43 ಇದಕ್ಕೆ ಅವಕಾಶ ಕೊಡುತ್ತದೆ, ಆದರೆ ಅವರು ನಿಜವಾಗಿಯೂ ನೋಡಬೇಕು. ನಮ್ಮವರ ಷರತ್ತು ಕಟ್ಟುನಿಟ್ಟು. ಪ್ಯಾನೆಲ್ ಮುಚ್ಚುವ ಮೊದಲು ಪ್ರತಿ ಕ್ರಿಂಪ್ (ವೈರ್ ತುದಿಗೆ ಪಿನ್ ಒತ್ತಿ ಬಿಗಿದ ಜಾಗ) ತೋರಿಸಬೇಕು, ಪ್ರತಿ ವೈರ್‌ಗೆ ಲೇಬಲ್ ಇರಬೇಕು. ಅವರು ಎಳೆದು ನೋಡಿ ಕಿತ್ತುಬಂದರೆ ಇಡೀ ಕನೆಕ್ಟರ್ ಹೊಸದಾಗಿ ಮಾಡಬೇಕು. ಈ ಷರತ್ತೇ ನನ್ನ ಕೆಲಸವನ್ನು ಗಟ್ಟಿ ಮಾಡಿತು.

ಜಕ್ಕೂರಿನಲ್ಲಿ ಹಾರುವುದನ್ನು ಕಲಿತ ಗೆಳೆಯರು ಇದನ್ನು ಅಲ್ಲಿ ಮಾಡಬಹುದಾ ಎಂದು ಕೇಳುತ್ತಾರೆ. ನಾನು ಬರೆಯುತ್ತಿರುವುದು ಅಮೆರಿಕದಲ್ಲಿ ನೋಂದಾಯಿಸಿದ ಎನ್ ನಂಬರ್ ವಿಮಾನದ ವಿಷಯ. ಭಾರತದಲ್ಲಿ ನೋಂದಾಯಿಸಿದ ವಿಟಿ ವಿಮಾನಕ್ಕೆ ಡಿಜಿಸಿಎ ನಿಯಮವೇ ಬೇರೆ.

ಎಡಿಎಸ್‌-ಬಿಗೆ ಎಡ ರೆಕ್ಕೆಯ ತುದಿಯ ಲೈಟ್ ತೆಗೆದು, ಲೈಟ್ ಮತ್ತು ಎಡಿಎಸ್‌-ಬಿ ಎರಡೂ ಇರುವ ಸ್ಕೈಬೀಕನ್ ಹಾಕಿದೆ. ಆಗ 1,850 ಡಾಲರ್ ಇತ್ತು. ಕೆಲಸ ಅರ್ಧ ದಿನದ್ದು, ತಲೆನೋವು ಒಂದು ತಿಂಗಳದ್ದು. ಅದು ಹಳೆಯ ಟ್ರಾನ್ಸ್‌ಪಾಂಡರ್ (ರೇಡಾರ್‌ಗೆ ಕೋಡ್, ಎತ್ತರ ತಿಳಿಸುವ ಪೆಟ್ಟಿಗೆ) ಏನು ಹೇಳುತ್ತಿದೆ ಎಂಬುದನ್ನು ವಿಮಾನದ ಪವರ್ ಲೈನ್ ಮೂಲಕವೇ ಕೇಳಿಸಿಕೊಳ್ಳುತ್ತದೆ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಉಚಿತವಾಗಿ ಕಳಿಸುವ ಎಡಿಎಸ್‌-ಬಿ ರಿಪೋರ್ಟ್ ತರಿಸಿದೆ. ಆಲ್ಟಿಟ್ಯೂಡ್ ಸಾಲು ಪೂರ್ತಿ ಕೆಂಪು. ಆ್ಯಪ್‌ನಲ್ಲಿ ಥ್ರೆಶೋಲ್ಡ್ (ಸಿಗ್ನಲ್ ಹಿಡಿಯುವ ಮಿತಿ) ಬದಲಿಸಿದೆ, ಮತ್ತೆ ಹಾರಿದೆ, ಮತ್ತೆ ಕೆಂಪು. ಟ್ರಾನ್ಸ್‌ಪಾಂಡರನ್ನೇ ಬದಲಿಸು ಎಂದು ಎಲ್ಲರೂ ಹೇಳಿದರು. ಕೊನೆಗೆ ಸಿಕ್ಕಿದ್ದು ಗ್ರೌಂಡ್, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿ. ಈ ವಯಸ್ಸಿನ ಸೆಸ್ನಾದಲ್ಲಿ ಲೈಟಿನ ಗ್ರೌಂಡ್ ಅಂದರೆ ರೆಕ್ಕೆಯ ತಗಡೇ, ಸ್ಕ್ರೂ ಸುತ್ತ ಬಿಳಿ ಪುಡಿ ಕಟ್ಟಿತ್ತು. ಉಜ್ಜಿ, ಹೊಸ ಟರ್ಮಿನಲ್ ಹಾಕಿ ಹಾರಿದೆ. ರಿಪೋರ್ಟ್ ಕ್ಲೀನ್. ಖರ್ಚು ಎರಡು ಡಾಲರ್ ಕೂಡ ಆಗಿಲ್ಲ. ಇನ್ನೊಂದು ವಿಷಯ, ಸ್ಕೈಬೀಕನ್ 978 ಮೆಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತದೆ. 18,000 ಅಡಿ ಮೇಲೆ ಹೋಗುವವರಿಗೆ ಆಗಲ್ಲ. 172ಎಂ ಇಟ್ಟುಕೊಂಡವರಿಗೆ ಆ ಚಿಂತೆ ಇಲ್ಲ.

ಜಿ5 ಕೂರಿಸುವುದು ಗೊತ್ತಿರುವ ಕೆಲಸ. ಹೇಳಬೇಕಾದದ್ದು ಅದಕ್ಕೆ ದಿಕ್ಕು ಕೊಡುವ ಮ್ಯಾಗ್ನೆಟೋಮೀಟರ್ ಬಗ್ಗೆ. ಎಡ ತುದಿಯಲ್ಲಿ ಸ್ಕೈಬೀಕನ್ ಇರುವುದರಿಂದ ಆ ಮ್ಯಾಗ್ನೆಟೋಮೀಟರನ್ನು (ಜಿಎಂಯು 11) ಬಲ ರೆಕ್ಕೆಗೆ ಹಾಕಿದೆ. ಆದರೆ 172ರಲ್ಲಿ ಫ್ಲ್ಯಾಪ್ ಮೋಟರ್ ಕೂಡ ಬಲ ರೆಕ್ಕೆಯಲ್ಲೇ ಇದೆ. ಬೇರೆ ಉಪಕರಣಗಳಿಂದ ದಿಕ್ಕು ಕೆಡುತ್ತದೆಯೇ ಎಂದು ನೋಡುವ ಇಂಟರ್‌ಫಿಯರೆನ್ಸ್ ಟೆಸ್ಟ್‌ನಲ್ಲಿ ಫ್ಲ್ಯಾಪ್ ಇಳಿಸಿದ ತಕ್ಷಣ ಫೇಲ್. ರೆಕ್ಕೆಯೊಳಗೇ ಎರಡು ಖಾನೆಯಷ್ಟು (ಬೇ) ತುದಿಯ ಕಡೆಗೆ ಸರಿಸಿದೆ. ಅಲ್ಲೂ ಅಂಚಿನಲ್ಲಿ ನಿಂತಿತು. ಇನ್‌ಸ್ಪೆಕ್ಷನ್ ಕವರಿನ ಸ್ಟೀಲ್ ಸ್ಕ್ರೂಗಳನ್ನು ತೆಗೆದು ಹಿತ್ತಾಳೆಯವು ಹಾಕಿದ ಮೇಲೆ ಪಾಸಾಯಿತು. ಎರಡೂ ಜಿ5 ಬಂದಮೇಲೆ ವ್ಯಾಕ್ಯೂಮ್ ಪಂಪ್, ಹೋಸ್, ಫಿಲ್ಟರ್, ಗೈರೋ ಎಲ್ಲ ಹೊರಗೆ. ಎಣ್ಣೆ ಇಲ್ಲದೆ ಓಡುವ ಈ ಡ್ರೈ ಪಂಪ್ ಮುನ್ಸೂಚನೆ ಇಲ್ಲದೆ ಮುರಿಯುತ್ತದೆ. ಅದನ್ನು ಬಿಚ್ಚಿ ಎಂಜಿನ್ ಹಿಂದೆ ಪ್ಲೇಟ್ ಬಡಿದ ದಿನ ನನಗೆ ಆದಷ್ಟು ಸಮಾಧಾನ ಬೇರೆ ಯಾವ ದಿನವೂ ಆಗಿಲ್ಲ.

ಈಗ ಟ್ಯಾಬ್ಲೆಟ್‌ಗೆ ಬರೋಣ.

ಮೊದಲು ಯೋಕ್ ಮೌಂಟ್. ಯೋಕ್ ಪೂರ್ತಿ ಹಿಂದಕ್ಕೆ ಎಳೆದರೆ ಹೊಟ್ಟೆಗೆ ತಾಗುತ್ತಿತ್ತು, ಪೂರ್ತಿ ತಿರುಗಿಸಿದರೆ ಮೂಲೆ ಮೊಣಕಾಲಿಗೆ. ಪಕ್ಕದ ಗಾಳಿಯಲ್ಲಿ ವಿಮಾನವನ್ನು ನೆಲದ ಮೇಲೆ ಓಡಿಸುವಾಗ (ಕ್ರಾಸ್‌ವಿಂಡ್ ಟ್ಯಾಕ್ಸಿ) ಇದು ಸುಮ್ನೆ ಬಿಡುವ ವಿಷಯ ಅಲ್ಲ. ಜೊತೆಗೆ ಬಿಸಿಲು ನೇರ ಪರದೆ ಮೇಲೆ. ಆಮೇಲೆ ಕಿಟಕಿಗೆ ಸಕ್ಷನ್ ಕಪ್ ಹಾಕಿದೆ. ಬಿಸಿಲಿಗೆ ಪ್ಲೆಕ್ಸಿಗ್ಲಾಸ್ ಕಾದರೆ ಹಿಡಿತ ಬಿಡುತ್ತದೆ. ಟ್ರೇಸಿ ನಿಲ್ದಾಣದಲ್ಲಿ ಇಳಿಯುವ ಮುಂಚಿನ ಡೌನ್‌ವಿಂಡ್ ಸುತ್ತಿನಲ್ಲಿ ಕಳಚಿ ಕಾಲಡಿಯ ರಡ್ಡರ್ ಪೆಡಲ್ ಹತ್ತಿರ ಬಿತ್ತು. ಅವತ್ತೇ ಸಕ್ಷನ್ ಕಪ್‌ಗೆ ವಿದಾಯ ಹೇಳಿದೆ. ಹಳೆಯ ಕಿಟಕಿಗೆ ಅದು ಸಣ್ಣ ಬಿರುಕನ್ನೂ ತರುತ್ತದೆ. ತೊಡೆಗೆ ಕಟ್ಟುವ ನೀಬೋರ್ಡ್ ಮೇಲೆ ಬಿಸಿಲು ಕಡಿಮೆ, ಆದರೆ ಪ್ರತಿ ಸಲ ತಲೆ ಬಗ್ಗಿಸಬೇಕು. ಮೋಡದ ಕೆಳಗೆ ಕುಲುಕಾಟದಲ್ಲಿ ಅದು ನನಗೆ ಹಿಡಿಸಲಿಲ್ಲ.

ಪ್ಯಾನೆಲ್ ಮೇಲಿನ ಗ್ಲೇರ್‌ಶೀಲ್ಡ್ (ನೆರಳಿನ ಹಲಗೆ) ಮೇಲೂ ಇಟ್ಟು ನೋಡಿದೆ. ಆಗ ದಿಕ್ಸೂಚಿ ನೋಡಿ, ಗಾಬರಿಯಾಗುತ್ತೀರಿ. ಐಪ್ಯಾಡ್ ಒಳಗೆ ಮ್ಯಾಗ್ನೆಟ್‌ಗಳಿವೆ, ಫೋಲಿಯೋ ಕವರಿನಲ್ಲೂ ಇವೆ. ಹತ್ತಿರ ತಂದರೆ ನನ್ನ ದಿಕ್ಸೂಚಿ 20 ಡಿಗ್ರಿಗಿಂತ ಹೆಚ್ಚು ಓಡಿತು. ಹ್ಯಾಂಗರ್‌ನಲ್ಲಿ ಒಂದು ಮಧ್ಯಾಹ್ನ ಪೂರ್ತಿ ಇದೇ ಪ್ರಯೋಗ ಮಾಡಿದೆ. ಕವರ್ ಇಲ್ಲದೆ ಒಂದಡಿ ದೂರ ಹೋದರೆ ಸೂಜಿ ಕದಲುವುದಿಲ್ಲ. ಈ ಅಳತೆ ಆಮೇಲೆ ಜಾಗ ಹುಡುಕಲು ಉಪಯೋಗಕ್ಕೆ ಬಂತು.

ಬಿಸಿಯ ಲೆಕ್ಕವನ್ನೂ ತೆಗೆದೆ. ಮಲ್ಟಿಮೀಟರಿನ ಬಿಸಿ ಅಳೆಯುವ ತಂತಿಯನ್ನು (ಥರ್ಮೋಕಪಲ್) ಟ್ಯಾಬ್ಲೆಟ್ ಬೆನ್ನಿಗೆ ಟೇಪ್ ಮಾಡಿ ಹಾರಿದೆ. ಯೋಕ್ ಮೇಲೆ ಬಿಸಿಲಿನಲ್ಲಿ ಐವತ್ತರ ಆಚೆ. ಪ್ಯಾನೆಲ್ ಮುಂದೆ ನೆರಳಿನಲ್ಲಿ ನಲವತ್ತರ ಆಸುಪಾಸು. ಫ್ಯಾನ್ ಗಾಳಿ ತಾಗಿಸಿದರೆ ಇನ್ನೂ ಐದಾರು ಡಿಗ್ರಿ ಕಡಿಮೆ. ಆಪಲ್ ಹೇಳುವ ಮಿತಿ ಸುತ್ತಲಿನ ಗಾಳಿ 35 ಡಿಗ್ರಿ. ಅಂದರೆ ಜಾಗ ಬದಲಿಸಿದರೇ ಅರ್ಧ ಯುದ್ಧ ಗೆದ್ದಂತೆ. ಟ್ಯಾಬ್ಲೆಟ್ ಕೊನೆಗೆ ಎಲ್ಲೋ ಸಿಕ್ಕಿಸುವ ಸಾಮಾನಲ್ಲ. ಅದಕ್ಕೂ ಉಪಕರಣದಂತೆ ಜಾಗ, ಪವರ್, ಗಾಳಿ ಮೂರನ್ನೂ ಮೊದಲೇ ಇಡಬೇಕು.

ಜಾಗ ಪ್ಯಾನೆಲ್‌ನಲ್ಲೇ ಇತ್ತು. ಸತ್ತ ನ್ಯಾವ್‌ಕಾಮ್ ಎಳೆದು ಹಾಕಿದ ಮೇಲೆ ರೇಡಿಯೋಗಳನ್ನು ಒಂದರ ಕೆಳಗೊಂದು ಜೋಡಿಸುವ ಸ್ಟ್ಯಾಕ್‌ನಲ್ಲಿ ಆರೂಕಾಲು ಇಂಚು ಅಗಲದ ಖಾಲಿ ಕಿಂಡಿ. ಅದಕ್ಕೆ ಗಾಳಿ ಕೊಡುತ್ತಿದ್ದ ಫ್ಯಾನ್ ಹೋಸ್ ಹಿಂದೆ ಹಾಗೇ ನೇತಾಡುತ್ತಿತ್ತು! ಕಿಂಡಿಗೆ ಅಲ್ಯೂಮಿನಿಯಂ ಪ್ಲೇಟ್ ಕತ್ತರಿಸಿದೆ. ಒಂದು ಬದಿಗೆ ಮೌಂಟಿನ ತೋಳು ಕೂರುವ ಒಂದಿಂಚಿನ ರ‍್ಯಾಮ್ ಬಾಲ್, ಇನ್ನೊಂದು ಬದಿಗೆ ಹೋಸ್ ಬರುವ ಬಾಯಿ. ಗಿಡ್ಡ ತೋಳು ಹಾಕಿ ಐಪ್ಯಾಡ್ ಮಿನಿಯನ್ನು ಸ್ಟ್ಯಾಕ್‌ನ ಬಲಕ್ಕೆ ಉದ್ದುದ್ದ ನಿಲ್ಲಿಸಿದೆ, ಮುಖ ಪೈಲಟ್ ಕಡೆಗೆ. ಮೊದಲ ಪ್ಲೇಟ್ ತೆಳುವಾಗಿತ್ತು, ಹಾರುವ ಮುಂಚೆ ಎಂಜಿನ್ ಪರೀಕ್ಷಿಸುವ ರನ್‌ಅಪ್‌ನಲ್ಲಿ ಟ್ಯಾಬ್ಲೆಟ್ ನಡುಗಿ ಅಕ್ಷರ ಓದಲು ಆಗಲಿಲ್ಲ. ಎರಡನೆಯದು ದಪ್ಪ, ಆದರೆ ಬಲ ಯೋಕ್ ಮುಂದೆ ಹೋದಾಗ ಅಂಚಿಗೆ ಬಡಿಯಿತು. ಮೂರನೆಯದರಲ್ಲಿ ಬಾಲ್ ಅರ್ಧ ಇಂಚು ಎಡಕ್ಕೆ. ಅದು ಕೂತಿತು. ಕೆಳ ಅಂಚು ಫ್ಲ್ಯಾಪ್ ಸ್ವಿಚ್‌ಗೆ, ಇಂಧನ ಮಿಶ್ರಣದ ಮಿಕ್ಸ್ಚರ್ ಹಿಡಿಗೆ ಕೈ ಹೋಗಲು ಜಾಗ ಬಿಡಬೇಕು. ಎರಡೂ ಯೋಕ್‌ಗಳನ್ನು ಎಲ್ಲ ಮೂಲೆಗೂ ಆಡಿಸಿ ತೋರಿಸಿದ ಮೇಲೆಯೇ ಮೆಕ್ಯಾನಿಕ್ ಸಹಿ ಹಾಕಲು ಲಾಗ್‌ಬುಕ್ ತೆಗೆದರು.

ಬಿಸಿ ಗಾಳಿ ಸುತ್ತುತ್ತದೆ ಎಂದವರ ಮಾತು ಪೂರ್ತಿ ಸುಳ್ಳಲ್ಲ. ಫ್ಯಾನ್ ಪ್ಯಾನೆಲ್ ಹಿಂದಿನ ಗಾಳಿಯನ್ನೇ ಎಳೆದರೆ ಹಾಗೇ ಆಗುತ್ತದೆ. ನಾನು ಅದರ ಎಳೆಯುವ ಬಾಯಿಯನ್ನು ಬೇರೆ ಕಡೆ ಒಯ್ದಿದ್ದೇನೆ. ಎಲ್ಲಿಗೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ಒಂದು ಚಳಿಗಾಲವೇ ಹೋಗಿದೆ. ಹಾಗೆಯೇ ಗಾಳಿ ಟ್ಯಾಬ್ಲೆಟ್ ಬೆನ್ನಿಗೆ ಸಮನಾಗಿ ಹರಡಲು ಅದನ್ನು ಹಿಡಿದಿಡುವ ಚೌಕಟ್ಟಿನ ಹಿಂದೆ ಒಂದು ಸಣ್ಣ ತುಂಡು ಇದೆ, ಅದೂ ನನ್ನಲ್ಲೇ ಇರಲಿ. ಹ್ಯಾಂಗರ್‌ಗೆ ಬಂದವರು ನೋಡಿಕೊಳ್ಳಬಹುದು.

ಪವರ್ ವಿಷಯದಲ್ಲಿ ಮಾತ್ರ ಏನೂ ಮುಚ್ಚಿಡಲ್ಲ. ಸಿಗರೇಟ್ ಸಾಕೆಟ್‌ಗೆ ಹಾಕುವ ಅಗ್ಗದ ಕಾರ್ ಚಾರ್ಜರ್‌ಗಳು ರೇಡಿಯೋದಲ್ಲಿ ಕರ್ರ್ ಎನ್ನುತ್ತವೆ. ಸ್ಕ್ವೆಲ್ಚ್ (ರೇಡಿಯೋದ ಗೊರಗೊರ ಸದ್ದು ಅಡಗಿಸುವ ವ್ಯವಸ್ಥೆ) ತೆಗೆದು, 118 ಮೆಗಾಹರ್ಟ್ಸ್‌ನಿಂದ ಮೇಲೆ ಒಂದೊಂದೇ ಫ್ರೀಕ್ವೆನ್ಸಿ ಕೇಳುತ್ತಾ ಹೋಗಿ, ಚಾರ್ಜರ್ ಹಾಕಿ ತೆಗೆದು ನೋಡಿ. ನನ್ನ ಡ್ರಾಯರ್‌ನಲ್ಲಿದ್ದ ಅಷ್ಟೂ ಚಾರ್ಜರ್‌ಗಳಲ್ಲಿ ಒಂದು ಮಾತ್ರ ಶುದ್ಧವಾಗಿತ್ತು, ಅದೂ ಕಡಿಮೆ ಆ್ಯಂಪ್‌ನದು. ಆಮೇಲೆ ವಿಮಾನಕ್ಕೆಂದೇ ಟಿಎಸ್‌ಒ (ಎಫ್‌ಎಎ ಗುಣಮಟ್ಟದ ಒಪ್ಪಿಗೆ) ಇರುವ ಯುಎಸ್‌ಬಿ ಪೋರ್ಟ್ ಹಾಕಿದೆ. ಮುನ್ನೂರು ಡಾಲರ್ ಜಾಸ್ತಿ ಅನ್ನಿಸಬಹುದು, ಆದರೆ ಟವರ್ ಮಾತು ಕೇಳಿಸಬೇಕಲ್ಲ. ಇನ್ನು ಚಾರ್ಜ್ ಆಗುವಾಗಲೇ ಟ್ಯಾಬ್ಲೆಟ್ ಹೆಚ್ಚು ಬಿಸಿಯಾಗುತ್ತದೆ. ಮನೆಯಿಂದ ತುಂಬಿಸಿ ತರುತ್ತೇನೆ, ನೆಲದ ಮೇಲೆ ಪ್ಲಗ್ ಹಾಕುವುದಿಲ್ಲ. ನಾಲ್ಕೈದು ಸಾವಿರ ಅಡಿ ತಂಪಿಗೆ ಹೋದ ಮೇಲೆ ಹಾಕುತ್ತೇನೆ.

ಐಪ್ಯಾಡ್ ಸೆಲ್ಯುಲಾರ್ ಮಾಡೆಲ್ಲೇ ಇರಲಿ. ಬರೀ ವೈಫೈ ಇರುವುದರಲ್ಲಿ ಜಿಪಿಎಸ್ ಇಲ್ಲ. ನಾನು ಸೆಂಟ್ರಿ ಎಂಬ ಸಣ್ಣ ಎಡಿಎಸ್‌-ಬಿ ರಿಸೀವರ್ ಕೂಡ ಇಟ್ಟುಕೊಂಡಿದ್ದೇನೆ. ಹವಾಮಾನ, ಟ್ರಾಫಿಕ್ ಎರಡೂ ಬರುತ್ತದೆ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆ. ಹಳೆಯ ಎಗ್ಸಾಸ್ಟ್ ಇರುವ ವಿಮಾನಕ್ಕೆ ಅದೊಂದಕ್ಕೇ ನಾನು ಕೊಟ್ಟ ಐನೂರು ಡಾಲರ್ ಸಾರ್ಥಕ.

ಒಟ್ಟು ಲೆಕ್ಕ ನೆನಪಿದ್ದಂತೆ: ಎರಡು ಜಿ5 ಮತ್ತು ಮ್ಯಾಗ್ನೆಟೋಮೀಟರ್ 4,600, ಸ್ಕೈಬೀಕನ್ 1,850, ಸೆಂಟ್ರಿ 500, ಐಪ್ಯಾಡ್ 650, ಒಳ್ಳೆಯ ಕ್ರಿಂಪರ್ ಸೇರಿ ಟೂಲ್ಸ್ 600 ಇರಬಹುದು, ಯುಎಸ್‌ಬಿ ಪೋರ್ಟ್ 300. ವೈರ್, ಬ್ರೇಕರ್, ಮೌಂಟ್, ಮೂರು ಪ್ಲೇಟ್ ಎಲ್ಲ ಸೇರಿ ಐನೂರು. ಮೆಕ್ಯಾನಿಕ್‌ಗೆ 1,500. ಹತ್ತೂವರೆ ಸಾವಿರದ ಹತ್ತಿರ ನಿಂತಿತು, ಐಪ್ಯಾಡ್ ಸಮೇತ. ಕ್ರಿಂಪರ್‌ನಲ್ಲಿ ಮಾತ್ರ ಉಳಿಸಲು ಹೋಗಬೇಡಿ. ಅಗ್ಗದ್ದರಲ್ಲಿ ಮಾಡಿದ ಪಿನ್‌ಗಳನ್ನು ಮೆಕ್ಯಾನಿಕ್ ಕೈಯಲ್ಲೇ ಕಿತ್ತು ತೋರಿಸಿದ್ದರು.

ತೂಕದಲ್ಲಿ 16 ಪೌಂಡ್‌ನಷ್ಟು ಇಳಿಯಿತು. ಹೊಸ ವೇಟ್ ಅಂಡ್ ಬ್ಯಾಲೆನ್ಸ್ (ತೂಕ, ಸಮತೋಲನದ ಲೆಕ್ಕ) ಬರೆಸಿದ್ದೇವೆ. ಟ್ಯಾಬ್ಲೆಟ್ ಅದರ ಜಾಗದಲ್ಲೇ ಇಟ್ಟು, ಆನ್ ಮಾಡಿ, ಫ್ಯಾನ್ ಓಡಿಸಿ ದಿಕ್ಸೂಚಿಯನ್ನು ಮತ್ತೆ ಸ್ವಿಂಗ್ ಮಾಡಿದೆವು, ಅಂದರೆ ವಿಮಾನವನ್ನು ಎಲ್ಲ ದಿಕ್ಕಿಗೂ ತಿರುಗಿಸಿ ಅದರ ತಪ್ಪನ್ನು ಅಳೆದೆವು. ಅತಿ ಹೆಚ್ಚು ಎಂದರೆ ಪಶ್ಚಿಮದ ಕಡೆ 4 ಡಿಗ್ರಿ. ಈ ತಪ್ಪುಗಳ ಹೊಸ ಕಾರ್ಡ್ ಬರೆದು ಹಾಕಿದ್ದೇವೆ. ಈ ಬೇಸಿಗೆ ಸಾಲಿನಲ್ಲಿ ಇನ್ನೆರಡು 172ಗಳಿಗೆ ಇದೇ ಪ್ಲೇಟ್ ಕತ್ತರಿಸಿಕೊಡಿ ಎಂದು ಕೇಳಿದ್ದಾರೆ. ಅದರಲ್ಲಿ ಒಂದು 28 ವೋಲ್ಟಿನದು, ಅದರ ಫ್ಯಾನ್ ಬೇರೆ. ಅಳತೆ ತೆಗೆಯುತ್ತಿದ್ದೇನೆ.