ಕನ್ನಡ ಶಾಲೆಯ ಮಕ್ಕಳಿಗೆ ಗಣಿತದ ಆಟ ಕಟ್ಟುವುದು ಹೇಗೆ: ಪ್ರಾಜೆಕ್ಟ್ ಹುಡುಕುತ್ತಿರುವ ಎಂ.ಟೆಕ್ ವಿದ್ಯಾರ್ಥಿಗಳಿಗೆ

ಕಂಪ್ಯೂಟರ್ ವಿಜ್ಞಾನದಲ್ಲಿ ಸ್ನಾತಕೋತ್ತರ ಓದುತ್ತಿರುವ ನಮ್ಮಂಥವರು ಶೈಕ್ಷಣಿಕ ಆಟವನ್ನು ಪ್ರಾಜೆಕ್ಟಿಗೆ ಆರಿಸಿಕೊಂಡಾಗ ಸಾಮಾನ್ಯವಾಗಿ ಮೊದಲು ಕೂಡುವುದು ಕೋಡ್ ಬರೆಯಲು. ನಾನೂ ಬೆಳಗಾವಿಯ ಹಾಸ್ಟೆಲ್ ಕೋಣೆಯಲ್ಲಿ ಕುಳಿತು, ಭಿನ್ನರಾಶಿಯ ಪ್ರಶ್ನೆ ಕೇಳಿ ಸರಿಯುತ್ತರಕ್ಕೆ ನಾಣ್ಯ ಕೊಡುವ ಆಟವೊಂದನ್ನು ಮೊದಲು ಬರೆದೆ. ಗುಳೇದಗುಡ್ಡದ ಸಮೀಪದ ಒಂದು ಹಳ್ಳಿಯ ಶಾಲೆಯಲ್ಲಿ ಅದನ್ನು ಕೊಟ್ಟಾಗ, ಐದನೆಯ ತರಗತಿಯ ಹುಡುಗನೊಬ್ಬ ಪ್ರಶ್ನೆಯನ್ನು ಓದದೆ ನಾಲ್ಕೂ ಉತ್ತರಗಳನ್ನು ಮೇಲಿಂದ ಕೆಳಕ್ಕೆ ಸರಸರನೆ ಒತ್ತುತ್ತ ಹೋಗಿ, ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ನಾಣ್ಯ ಗಳಿಸಿದ. ಆಟ ಅವನಿಗೆ ಚೆನ್ನಾಗಿ ಅರ್ಥವಾಗಿತ್ತು. ಆದರೆ ಆ ಆಟದಲ್ಲಿ ಗಣಿತವೇ ಇರಲಿಲ್ಲ.

ಆದ್ದರಿಂದ ಮೊದಲ ಎರಡು ವಾರ ಲ್ಯಾಪ್‌ಟಾಪನ್ನು ಬದಿಗಿಟ್ಟು ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಹುಡುಕಬೇಕಾದದ್ದು ಪಾಠದ ಹೆಸರನ್ನಲ್ಲ, ಮಕ್ಕಳು ಮತ್ತೆ ಮತ್ತೆ ಮಾಡುವ ಒಂದು ತಪ್ಪನ್ನು, ಮತ್ತು ಆ ತಪ್ಪಿನ ಹಿಂದಿರುವ ತರ್ಕವನ್ನು. ಭಿನ್ನರಾಶಿಯಲ್ಲಿ ಇಂಥ ಎರಡು ತಪ್ಪುಗಳು ಎಲ್ಲ ಕಡೆಯೂ ಸಿಗುತ್ತವೆ: 8 ದೊಡ್ಡ ಸಂಖ್ಯೆಯಾದ್ದರಿಂದ 1/4ಕ್ಕಿಂತ 1/8 ದೊಡ್ಡದು ಎನ್ನುವುದು ಒಂದು, 1/2 ಮತ್ತು 1/3 ಕೂಡಿಸುವಾಗ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿ 2/5 ಎಂದು ಬರೆಯುವುದು ಇನ್ನೊಂದು. ನಿಮ್ಮ ಆಟ ಇವುಗಳಲ್ಲಿ ಒಂದನ್ನು ಸರಿಪಡಿಸಿದರೂ ಅದು ಒಳ್ಳೆಯ ಪ್ರಬಂಧವಾಗುತ್ತದೆ.

ಇನ್ನು ವಿನ್ಯಾಸ. ಆಟದಲ್ಲಿ ಮಗು ಮಾಡುವ ಕ್ರಿಯೆಯೇ ಗಣಿತದ ಕ್ರಿಯೆಯಾಗಿರಬೇಕು. ಬ್ರಿಟನ್ನಿನ ಜೇಕಬ್ ಹ್ಯಾಬ್‌ಗುಡ್ ಮತ್ತು ಶಾರನ್ ಏನ್ಸ್‌ವರ್ತ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿತು. ಅವರ ಆಟದ ಒಂದು ಆವೃತ್ತಿಯಲ್ಲಿ ಎದೆಯ ಮೇಲೆ ಸಂಖ್ಯೆ ಹೊತ್ತ ಅಸ್ಥಿಪಂಜರಗಳನ್ನು ಭಾಗಾಕಾರದಿಂದಲೇ ಸೋಲಿಸಬೇಕಿತ್ತು. ಇನ್ನೊಂದರಲ್ಲಿ ಅದೇ ಭಾಗಾಕಾರ ಹಂತಗಳ ನಡುವಿನ ರಸಪ್ರಶ್ನೆಯಾಗಿ ಬರುತ್ತಿತ್ತು. ಮೊದಲನೆಯದನ್ನು ಆಡಿದ ಮಕ್ಕಳು ಹೆಚ್ಚು ಕಲಿತರು. ಆಯ್ಕೆಯನ್ನು ಮಕ್ಕಳಿಗೇ ಬಿಟ್ಟಾಗ ಅವರು ಅದನ್ನು ಏಳು ಪಟ್ಟು ಹೆಚ್ಚು ಹೊತ್ತು ಆಡಿದರು.

ನಮ್ಮ ಭಾಗದ ಮಗುವಿಗೆ ಭಿನ್ನರಾಶಿ ಹೊಸದಲ್ಲ. ಅಂಗಡಿಯಿಂದ ಪಾವ್ ಕಿಲೋ ಸಕ್ಕರೆ, ದೀಡ ಕಿಲೋ ಉಳ್ಳಾಗಡ್ಡಿ ತರುವ ಹುಡುಗಿಗೆ 1/4 ಮತ್ತು 1½ ಗೊತ್ತೇ ಇವೆ, ಬರೆದ ಚಿಹ್ನೆ ಮಾತ್ರ ಗೊತ್ತಿಲ್ಲ. ಆಟ ಮೊದಲು ಪಾವ್ ಎನ್ನಲಿ, ಆಮೇಲೆ ಕಾಲು ಎನ್ನಲಿ, ಕೊನೆಗೆ 1/4 ಎಂದು ತೋರಿಸಲಿ. ನನ್ನ ಎರಡನೆಯ ಆವೃತ್ತಿಯಲ್ಲಿ ಫೋನಿನ ಪರದೆಯ ಮೇಲೆ ಊಟದ ಎರಡು ಪಂಕ್ತಿಗಳಿದ್ದವು. ಒಂದರಲ್ಲಿ ಒಂದು ಜೋಳದ ರೊಟ್ಟಿಯನ್ನು ನಾಲ್ವರು, ಇನ್ನೊಂದರಲ್ಲಿ ಅಷ್ಟೇ ದೊಡ್ಡ ರೊಟ್ಟಿಯನ್ನು ಎಂಟು ಜನ ಹಂಚಿಕೊಳ್ಳಬೇಕು. ‘ನೀನು ಎಲ್ಲಿ ಕೂಡುತ್ತಿ?’ ಎಂಬುದಷ್ಟೇ ಪ್ರಶ್ನೆ. 1/8 ಎಂದು ಬರೆದ ಪಂಕ್ತಿಯನ್ನು ಆರಿಸಿದ ಹುಡುಗಿ ತನ್ನ ತಟ್ಟೆಗೆ ಬಂದ ಸಣ್ಣ ಚೂರನ್ನು ನೋಡಿ ಫೋನನ್ನು ಕಣ್ಣಿನ ಹತ್ತಿರ ತಂದುಕೊಂಡಳು, ಪಂಕ್ತಿಯ ತಲೆಗಳನ್ನು ಬೆರಳಿಟ್ಟು ಎಣಿಸಿದಳು, ಯಾರೂ ಹೇಳದೆಯೇ ಹಿಂದಕ್ಕೆ ಹೋಗಿ ಇನ್ನೊಂದು ಪಂಕ್ತಿಯಲ್ಲಿ ಕುಳಿತಳು. ಕೆಂಪು ಗುರುತು, ತಪ್ಪು ಎಂಬ ಸದ್ದು, ಯಾವುದೂ ಬೇಕಾಗಲಿಲ್ಲ.

ಕೂಡಿಸುವ ಹಂತಕ್ಕೆ ಬಂದಾಗ ರೊಟ್ಟಿಯನ್ನು ಬಿಟ್ಟುಬಿಡಿ. ದುಂಡಗಿನ ಆಕಾರದಲ್ಲಿ ಐದನೇ ಒಂದು ಭಾಗಕ್ಕೂ ಆರನೇ ಒಂದು ಭಾಗಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ, ಉದ್ದದಲ್ಲಿ ಕಾಣುತ್ತದೆ. ಗುಳೇದಗುಡ್ಡದ ಮಕ್ಕಳಿಗೆ ಖಣದ ಬಟ್ಟೆ ಪರಿಚಿತವಾದ್ದರಿಂದ ನಾನು ಬಟ್ಟೆಯ ಪಟ್ಟಿಯನ್ನು ಬಳಸಿದೆ: ಅರ್ಧ ಪಟ್ಟಿಯ ಪಕ್ಕದಲ್ಲಿ ಮೂರನೇ ಒಂದು ಪಟ್ಟಿ ಇಟ್ಟರೆ, 2/5 ಎಂದು ಬರೆದ ಮಗುವಿಗೆ ತನ್ನ ಉತ್ತರ ಮೊದಲಿದ್ದ ಅರ್ಧಕ್ಕಿಂತಲೂ ಗಿಡ್ಡವಾಗಿರುವುದು ಎದುರಿಗೇ ಕಾಣುತ್ತದೆ. ಎರಡನ್ನೂ ಆರರ ಗೆರೆಯಲ್ಲಿ ಕತ್ತರಿಸಿದಾಗ 3/6 ಮತ್ತು 2/6 ಸೇರಿ 5/6 ಆಗುವುದು ಅವರ ಕೈಯಿಂದಲೇ ಆಗಲಿ.

ಈಗ ಕೋಡಿಗೆ ಬರೋಣ. ಇಂಜಿನ್ ಆಗಿ, ಅಂದರೆ ಆಟ ಕಟ್ಟುವ ಸಾಧನವಾಗಿ, ಗೊಡೊ (Godot) ಉಚಿತ ಹಾಗೂ ಮುಕ್ತ ತಂತ್ರಾಂಶವಾಗಿರುವುದರಿಂದ ಅನುಕೂಲಕರ, ಆದರೆ 2023ರಲ್ಲಿ ಬಂದ ನಾಲ್ಕನೆಯ ಆವೃತ್ತಿ ಅಥವಾ ಅದರ ನಂತರದ್ದನ್ನೇ ಬಳಸಿ. ಅದಕ್ಕಿಂತ ಹಿಂದಿನ ಆವೃತ್ತಿಗಳು ಕನ್ನಡದ ಒತ್ತಕ್ಷರಗಳನ್ನು ಬಿಡಿಬಿಡಿಯಾಗಿ ಒಡೆದು ತೋರಿಸುತ್ತವೆ. ನೋಟೊ ಸಾನ್ಸ್ ಕನ್ನಡ ಫಾಂಟನ್ನು ಆಟದೊಳಗೇ ಸೇರಿಸಿ, ಫೋನಿನ ಫಾಂಟನ್ನು ನಂಬಬೇಡಿ. ಅಕ್ಷರಗಳನ್ನು ಒಂದೊಂದಾಗಿ ಮೂಡಿಸುವ ಅಥವಾ ಪದ ಜೋಡಿಸುವ ಆಟವಾದರೆ ಇನ್ನೊಂದು ಎಚ್ಚರ ಅಗತ್ಯ: ಮಗುವಿನ ಲೆಕ್ಕದಲ್ಲಿ ‘ರೊಟ್ಟಿ’ ಎರಡು ಅಕ್ಷರ, ಯೂನಿಕೋಡಿನ ಲೆಕ್ಕದಲ್ಲಿ ಆರು ಸಂಕೇತ. ಯೂನಿಕೋಡಿನಲ್ಲಿ ‘ವಿರಾಮ’ ಎಂದು ಕರೆಯುವ ಅರ್ಧಾಕ್ಷರದ ಗುರುತಿನ (್) ನಂತರ ವ್ಯಂಜನ ಬಂದರೆ ಅಲ್ಲಿ ಪದವನ್ನು ಒಡೆಯಬಾರದೆಂಬ ನಿಯಮವನ್ನು ನೀವೇ ಬರೆದುಕೊಳ್ಳಿ. ‘ಸೂರ್ಯ’ದಂತಹ ಅರ್ಕಾವತ್ತಿನ ಪದವನ್ನು ಪರೀಕ್ಷೆಗೆ ಇಟ್ಟುಕೊಳ್ಳಿ, ಏಕೆಂದರೆ ಅಲ್ಲಿ ಕಡತದಲ್ಲಿ ಮೊದಲು ಬರುವ ರಕಾರ ಪರದೆಯಲ್ಲಿ ಆಮೇಲೆ ಕಾಣುತ್ತದೆ.

ಆಟ ಪೂರ್ತಿಯಾಗಿ ಇಂಟರ್ನೆಟ್ ಇಲ್ಲದೆ ನಡೆಯಬೇಕು. ಮಗುವಿನ ಪ್ರತಿಯೊಂದು ನಡೆಯನ್ನೂ, ಅಂದರೆ ಯಾವ ಪಂಕ್ತಿ ಆರಿಸಿತು, ಎಷ್ಟು ಭಾಗ ಮಾಡಿತು, ಎಲ್ಲಿ ಹಿಂದಕ್ಕೆ ಹೋಯಿತು ಎಂಬುದನ್ನು, ಫೋನಿನಲ್ಲೇ ದಾಖಲಿಸಿ. ಹಂತ ಮುಗಿದ ಮೇಲೆ ಬರೆಯುವ ವ್ಯವಸ್ಥೆ ಮಾಡಿದ್ದ ನಾನು, ಬ್ಯಾಟರಿ ಮುಗಿದ ಎರಡು ಫೋನುಗಳಲ್ಲಿ ಒಂದಿಡೀ ಬೆಳಗಿನ ದಾಖಲೆ ಕಳೆದುಕೊಂಡೆ. ಆದ್ದರಿಂದ ಪ್ರತಿ ನಡೆಗೂ ಆಗಲೇ ಒಂದು ಸಾಲು ಬರೆಸಿ. ಹಳೆಯ ಫೋನುಗಳ ದಿನಾಂಕ ಸರಿಯಿರುವುದಿಲ್ಲವಾದ್ದರಿಂದ, ಆಟ ಶುರುವಾದಾಗಿನಿಂದ ಕಳೆದ ಮಿಲಿಸೆಕೆಂಡುಗಳನ್ನು ಎಣಿಸಿ. ಮಗುವಿನ ಹೆಸರು ಎಲ್ಲಿಯೂ ಬೇಡ, ಕ್ರಮಸಂಖ್ಯೆ ಸಾಕು.

ಅನುಮತಿಯ ಕೆಲಸವನ್ನು ಕೊನೆಗೆ ಉಳಿಸಬೇಡಿ. ಕ್ಷೇತ್ರ ಶಿಕ್ಷಣಾಧಿಕಾರಿ ಮತ್ತು ಮುಖ್ಯೋಪಾಧ್ಯಾಯರ ಒಪ್ಪಿಗೆಯ ಜೊತೆಗೆ ಪಾಲಕರ ಲಿಖಿತ ಒಪ್ಪಿಗೆಯೂ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸುತ್ತದೆ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಬರೆದು, ಓದಲು ಬಾರದ ತಾಯಂದಿರಿಗೆ ಓದಿ ಹೇಳಿ. ಮಗುವನ್ನೂ ಕೇಳಿ, ಬೇಡವೆಂದರೆ ಅಲ್ಲಿಗೇ ಬಿಡಿ.

ಪರೀಕ್ಷೆಯಲ್ಲಿ ಆಟವಾಡಿದ ಗುಂಪನ್ನು ಏನೂ ಮಾಡದ ಗುಂಪಿನೊಂದಿಗೆ ಹೋಲಿಸುವುದು ನ್ಯಾಯವಲ್ಲ, ಏಕೆಂದರೆ ಹಾಗೆ ಹೋಲಿಸಿದರೆ ಯಾವ ಆಟವೂ ಗೆಲ್ಲುತ್ತದೆ. ಇನ್ನೊಂದು ಗುಂಪಿಗೆ ಅಷ್ಟೇ ಹೊತ್ತು ರಟ್ಟಿನ ರೊಟ್ಟಿ ಮತ್ತು ಕತ್ತರಿ ಕೊಟ್ಟು, ಅದೇ ಶಿಕ್ಷಕರಿಂದ ಪಾಠ ಮಾಡಿಸಿ. ಆಟಕ್ಕೆ ಮೊದಲು, ಆಟವಾದ ಮೇಲೆ, ಮತ್ತು ಮೂರು ವಾರ ಬಿಟ್ಟು ಕಾಗದದ ಮೇಲೆ ಪರೀಕ್ಷೆ ನಡೆಸಿ. ಆಟದಲ್ಲಿ ಬಾರದ 1/7, 1/9ರಂಥ ಪ್ರಶ್ನೆಗಳೂ ಅದರಲ್ಲಿರಲಿ. ರಟ್ಟಿನ ರೊಟ್ಟಿಯೇ ಗೆದ್ದರೆ ಹಾಗೆಯೇ ಬರೆಯಿರಿ, ಅದು ಶಿಕ್ಷಕರಿಗೆ ಅಷ್ಟೇ ಉಪಯೋಗದ ಫಲಿತಾಂಶ. ಅಳತೆಯೆಲ್ಲ ಮುಗಿದ ಮೇಲೆ ಆಟ ಸಿಗದ ಗುಂಪಿಗೂ ಒಂದು ದಿನ ಹೋಗಿ ಆಟವಾಡಿಸಿ, ಆಟದ ಕಡತವನ್ನು ಶಿಕ್ಷಕರ ಫೋನಿಗೆ ಹಾಕಿಕೊಟ್ಟು, ರಟ್ಟಿನ ರೊಟ್ಟಿಗಳನ್ನು ಶಾಲೆಯಲ್ಲೇ ಬಿಟ್ಟು ಬನ್ನಿ.