ಚಿನ್ನಿಯ ತುರಿಕೆಯ ಮೂಲ ಹುಡುಕಿದ್ದು: ಬೆಕ್ಕಿನ ಆಹಾರ ಅಲರ್ಜಿ, ನನ್ನ ಅನುಭವ

ನಾಯಿಗೆ ತುರಿಕೆಯಾದರೆ ನಮ್ಮ ಕಣ್ಣೆದುರೇ ಕೆರೆದುಕೊಳ್ಳುತ್ತದೆ. ಬೆಕ್ಕು ಹಾಗಲ್ಲ, ಯಾರೂ ಇಲ್ಲದ ಹೊತ್ತು ನೋಡಿಕೊಂಡು ಮಂಚದ ಕೆಳಗೆ ಸೇರಿ ನೆಕ್ಕುತ್ತಾ ಕೂರುತ್ತದೆ. ನೋಡಿದವರು ಮೈ ಸ್ವಚ್ಛ ಮಾಡಿಕೊಳ್ಳುತ್ತಿದೆ ಅಂದುಕೊಳ್ಳುತ್ತಾರೆ. ನಮ್ಮ ಚಿನ್ನಿಯ ಹೊಟ್ಟೆಯ ಮೇಲೆ ಕೂದಲು ತೆಳುವಾಗುತ್ತಾ ಬಂದಾಗ ಮನೆಯವರಿಗೆಲ್ಲ ಕೂದಲು ಉದುರುತ್ತಿದೆ ಅನ್ನಿಸಿತ್ತು. ಅಲ್ಲಿ ಬೆರಳು ಆಡಿಸಿದರೆ ಚರ್ಮ ನುಣ್ಣಗಿರಲಿಲ್ಲ, ಮೊಟಕಾದ ಕೂದಲು ಚುಚ್ಚುತ್ತಿತ್ತು. ಅಂದರೆ ಕೂದಲು ಬುಡದಿಂದ ಉದುರಿರಲಿಲ್ಲ, ಒರಟು ನಾಲಿಗೆಗೆ ಸಿಕ್ಕಿ ಮುರಿದಿತ್ತು. ಕತ್ತಿನ ಸುತ್ತ, ಕಿವಿಯ ಮುಂದೆ ಸಾಸಿವೆ ಕಾಳಿನಂಥ ಸಣ್ಣ ಸಣ್ಣ ಹಕ್ಕಳೆಗಳಿದ್ದವು. ಕಣ್ಣಿಗೆ ಕಾಣದಿದ್ದರೂ ಸವರಿದರೆ ಕೈಗೆ ಸಿಗುತ್ತಿದ್ದವು. ಜೊತೆಗೆ ಆಗಾಗ ವಾಂತಿ.

ಬೆಕ್ಕುಗಳಲ್ಲಿ ಆಹಾರದ ಅಲರ್ಜಿ ಹೆಚ್ಚಾಗಿ ಹೀಗೇ ಶುರುವಾಗುತ್ತದೆ. ತಲೆ ಮತ್ತು ಕತ್ತಿನ ತುರಿಕೆ, ಅತಿಯಾದ ನೆಕ್ಕಾಟ, ಹಕ್ಕಳೆ, ಕೆಲವಕ್ಕೆ ಮೇಲ್ದುಟಿಯ ಹುಣ್ಣು, ಕೆಲವಕ್ಕೆ ವಾಂತಿ, ಭೇದಿ. ಕಾಲ ಬದಲಾದರೂ ತುರಿಕೆ ಕಡಿಮೆಯಾಗುವುದಿಲ್ಲ. ಆದರೆ ಇದೇ ಲಕ್ಷಣಗಳು ಚಿಗಟದಿಂದಲೂ ಬರುತ್ತವೆ, ನುಸಿಯಿಂದಲೂ ಬರುತ್ತವೆ, ಹುಳುಕಡ್ಡಿಯಲ್ಲೂ ಕೂದಲು ಹೋಗುತ್ತದೆ. ಅದಕ್ಕೇ ಡಾಕ್ಟರು ಮೊದಲ ದಿನ ಆಹಾರದ ಮಾತೇ ಎತ್ತಲಿಲ್ಲ. ಚಿಗಟದ ಬಾಚಣಿಗೆಯಲ್ಲಿ ಬೆನ್ನು ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಹಾಕಿ ತೋರಿಸಿದರು. ಅದು ಚಿಗಟದ ಹಿಕ್ಕೆಯಾಗಿದ್ದರೆ ಸುತ್ತ ಕೆಂಗಂದು ಬಣ್ಣ ಹರಡುತ್ತದೆ, ಏಕೆಂದರೆ ಅದರಲ್ಲಿರುವುದು ಜೀರ್ಣವಾದ ರಕ್ತ. ನಮ್ಮ ಕಾಗದದ ಮೇಲೆ ಹರಡಲಿಲ್ಲ. ಆದರೂ ಮನೆಯ ಎರಡೂ ಬೆಕ್ಕುಗಳಿಗೆ ಚಿಗಟದ ಔಷಧಿ ಹಾಕಿಸಿದರು. ತುರಿಕೆಯಿರುವ ಬೆಕ್ಕು ನೆಕ್ಕಿ ನೆಕ್ಕಿ ಚಿಗಟವನ್ನೇ ನುಂಗಿಬಿಡುತ್ತದೆ, ಹಾಗಾಗಿ ಕಾಣಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅನ್ನಲಾಗದು ಅಂದರು. ಈ ಹಂತ ದಾಟದೆ ಆಹಾರ ಬದಲಿಸಹೊರಟರೆ ಮುಂದೆ ಯಾವುದರಿಂದ ಗುಣವಾಯಿತು ಅನ್ನುವುದೇ ತಿಳಿಯುವುದಿಲ್ಲ.

ಔಷಧಿಯ ನಂತರವೂ ತುರಿಕೆ ನಿಲ್ಲದಿದ್ದಾಗ ಆಹಾರದ ಮೇಲೆ ಅನುಮಾನ ಬಂತು. ಆಗ ನಾನು ಕೇಳಿದ ಮೊದಲ ಪ್ರಶ್ನೆ, "ವರ್ಷಗಟ್ಟಲೆ ಇದೇ ತಿಂದುಕೊಂಡು ಚೆನ್ನಾಗಿತ್ತಲ್ಲ ಡಾಕ್ಟ್ರೇ, ಈಗ ಹೇಗೆ ಅಲರ್ಜಿ?" ಅಂತ. ಇದು ಎಲ್ಲರೂ ಕೇಳುವ ಪ್ರಶ್ನೆಯಂತೆ. ಅಲರ್ಜಿ ಬರುವುದೇ ದೇಹ ಮತ್ತೆ ಮತ್ತೆ ಕಂಡ ಪ್ರೋಟೀನಿನ ಮೇಲೆ. ನಿನ್ನೆ ತಂದ ಹೊಸ ಪ್ಯಾಕೆಟ್ಟಿಗಿಂತ ಹಲವು ವರ್ಷಗಳಿಂದ ಹಾಕುತ್ತಿರುವ ತಿಂಡಿಯ ಮೇಲೇ ಅನುಮಾನ ಹೆಚ್ಚು. ಆಹಾರ ಅಲರ್ಜಿಯಿದ್ದ 78 ಬೆಕ್ಕುಗಳ ವರದಿಗಳನ್ನು ಒಟ್ಟು ಮಾಡಿ 2016ರಲ್ಲಿ ಪ್ರಕಟವಾದ ಒಂದು ವಿಮರ್ಶೆಯಲ್ಲಿ ದನದ ಮಾಂಸ ಶೇ. 18, ಮೀನು ಶೇ. 17, ಕೋಳಿ ಶೇ. 5ರಷ್ಟು ಬೆಕ್ಕುಗಳಿಗೆ ಕಾರಣವಾಗಿತ್ತು. ಗೋಧಿ, ಮೆಕ್ಕೆಜೋಳ ಅದಕ್ಕಿಂತಲೂ ಕೆಳಗಿದ್ದವು. ಆದ್ದರಿಂದ 'ಧಾನ್ಯರಹಿತ' ಎಂದು ದೊಡ್ಡದಾಗಿ ಬರೆದ ಚೀಲ ಕೊಂಡರೆ ಅಲರ್ಜಿ ಹೋಗುತ್ತದೆ ಅನ್ನುವ ನಂಬಿಕೆಗೆ ಆಧಾರವಿಲ್ಲ. ಬೆಕ್ಕಿಗೆ ತೊಂದರೆ ಕೊಡುವುದು ಬಹುಪಾಲು ಮಾಂಸದ ಪ್ರೋಟೀನೇ. ಹಾಲು ಕುಡಿದು ಭೇದಿಯಾಗುವುದು ಇನ್ನೊಂದು ಸಂಗತಿ. ಅದು ಸಾಮಾನ್ಯವಾಗಿ ಹಾಲಿನಲ್ಲಿರುವ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಅರಗದಿರುವುದು, ಅಲರ್ಜಿಯಲ್ಲ.

ರಕ್ತ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲವೇ ಅಂತಲೂ ಕೇಳಿದೆ. ರಕ್ತ, ಕೂದಲು, ಜೊಲ್ಲು, ಎಲ್ಲದಕ್ಕೂ ಪರೀಕ್ಷೆಗಳು ಮಾರಾಟಕ್ಕಿವೆ, ಆದರೆ ಆಹಾರ ಅಲರ್ಜಿಯ ವಿಷಯದಲ್ಲಿ ಅವುಗಳ ಫಲಿತಾಂಶ ನಂಬಿ ತೀರ್ಮಾನಿಸುವಂತಿಲ್ಲ. ನೆಚ್ಚಬಹುದಾದ ದಾರಿ ಒಂದೇ: ಅನುಮಾನವಿರುವುದನ್ನೆಲ್ಲ ನಿಲ್ಲಿಸಿ, ಕನಿಷ್ಠ 8 ವಾರ ಒಂದೇ ಆಹಾರ ಕೊಟ್ಟು, ಆಮೇಲೆ ಹಳೆಯದನ್ನು ವಾಪಸ್ ಕೊಟ್ಟು ನೋಡುವುದು. 8 ವಾರ ಅನ್ನುವುದಕ್ಕೂ ಕಾರಣವಿದೆ. ಹೊಟ್ಟೆಯ ತೊಂದರೆ ಎರಡು, ಮೂರು ವಾರದಲ್ಲಿ ಇಳಿಯಬಹುದು, ಚರ್ಮಕ್ಕೆ ಹೆಚ್ಚು ಕಾಲ ಬೇಕು. ಅಲರ್ಜಿಯಿರುವ ಬೆಕ್ಕುಗಳಲ್ಲಿ ಶೇ. 90ಕ್ಕಿಂತ ಹೆಚ್ಚಿನವು ಆ ಅವಧಿಯೊಳಗೆ ಸುಧಾರಿಸುತ್ತವೆ.

ಯಾವ ಆಹಾರ ಅನ್ನುವುದನ್ನು ಆರಿಸಲು ಮೊದಲು ಚಿನ್ನಿ ಈವರೆಗೆ ತಿಂದದ್ದನ್ನೆಲ್ಲ ಪಟ್ಟಿ ಮಾಡಿದೆವು. ಪ್ಯಾಕೆಟ್ಟುಗಳ ಹಿಂಭಾಗ ಓದುತ್ತಾ ಹೋದಂತೆ ಆಶ್ಚರ್ಯವಾಯಿತು. ಮುಂದೆ ಮೀನಿನ ಚಿತ್ರ, ಹಿಂದೆ ಮೊದಲ ಪದಾರ್ಥವೇ ಕೋಳಿ ಪುಡಿ. ಎಷ್ಟೋ ತಿಂಡಿಗಳಲ್ಲಿ 'ಪ್ರಾಣಿಜನ್ಯ ಪದಾರ್ಥ' ಅಂತಷ್ಟೇ ಇತ್ತು. ಅಂಥ ಪಟ್ಟಿಯಿರುವಾಗ 'ಈ ಬೆಕ್ಕು ಎಂದೂ ತಿಂದಿರದ ಮಾಂಸ' ಇದು ಅಂತ ಗಟ್ಟಿಯಾಗಿ ಹೇಳುವುದು ಕಷ್ಟ. ಹಾಗೆ ಎಂದೂ ತಿಂದಿರದ ಹೊಸ ಮಾಂಸವನ್ನೇ ಪರೀಕ್ಷೆಯ ಆಹಾರವಾಗಿ ಕೊಡುವ ದಾರಿ ಕೆಟ್ಟದ್ದಲ್ಲ. ಆದರೆ ಅಂಗಡಿಯಲ್ಲಿ ಸಿಗುವ 'ಒಂದೇ ಮಾಂಸ'ದ ಪ್ಯಾಕೆಟ್ಟುಗಳಲ್ಲಿ ಲೇಬಲ್ಲಿನಲ್ಲಿಲ್ಲದ ಮಾಂಸದ ಅಂಶ ಬೆರೆತಿರುವುದು ಹಲವು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಹಾಗಾಗಿ ನಾವು ಆರಿಸಿಕೊಂಡದ್ದು ಡಾಕ್ಟರ ಚೀಟಿಯ ಮೇಲೆ ಕೊಡುವ ಹೈಡ್ರೊಲೈಸ್ಡ್ ಆಹಾರ. ಅದರಲ್ಲಿ ಪ್ರೋಟೀನನ್ನು ಮೊದಲೇ ಸಣ್ಣ ಸಣ್ಣ ತುಣುಕಾಗಿ ಒಡೆದಿರುತ್ತಾರೆ, ದೇಹದ ರಕ್ಷಣಾ ವ್ಯವಸ್ಥೆಗೆ ಅದು ಗುರುತು ಸಿಗುವುದಿಲ್ಲ. ಒಡೆದದ್ದು ಸಾಲದಿದ್ದರೆ ಕೆಲವು ಬೆಕ್ಕುಗಳಿಗೆ ಅದೂ ಒಗ್ಗದಿರಬಹುದು. ಆಗ ಇನ್ನೊಂದು ಬಗೆಯದಕ್ಕೆ ಬದಲಿಸಬೇಕಾಗುತ್ತದೆ.

ಮನೆಯಲ್ಲೇ ಮಾಂಸ ಬೇಯಿಸಿ ಹಾಕಿದರಾಯಿತು ಅನ್ನುವವರಿದ್ದಾರೆ. ಪರೀಕ್ಷೆಯ ಕೆಲವು ವಾರಗಳ ಮಟ್ಟಿಗೆ ಡಾಕ್ಟರು ಒಪ್ಪಿದರೆ ಅದೂ ಆದೀತು, ಆದರೆ ಬರೀ ಮಾಂಸದ ಮೇಲೆ ಬೆಕ್ಕನ್ನು ಸಾಕಲಾಗದು. ಬೆಕ್ಕಿನ ದೇಹ ಟಾರಿನ್ ಅನ್ನುವ ಅಮೈನೋ ಆಮ್ಲವನ್ನು ಬೇಕಾದಷ್ಟು ತಾನೇ ತಯಾರಿಸಿಕೊಳ್ಳುವುದಿಲ್ಲ. ಟಾರಿನ್ ಸಾಲದಿದ್ದರೆ ಅಕ್ಷಿಪಟಲ ಹಾಳಾಗುತ್ತದೆ ಅನ್ನುವುದು 1975ರಲ್ಲೂ, ಹೃದಯದ ಸ್ನಾಯು ಸೋಲುತ್ತದೆ ಅನ್ನುವುದು 1987ರಲ್ಲೂ ತಿಳಿದುಬಂತು. ಕ್ಯಾಲ್ಸಿಯಂ, ವಿಟಮಿನ್ ಎ, ಅರಾಕಿಡೋನಿಕ್ ಆಮ್ಲ ಅನ್ನುವ ಕೊಬ್ಬಿನಂಶ, ಇವುಗಳ ಲೆಕ್ಕವೂ ಸರಿಯಿರಬೇಕು. ಸಸ್ಯಾಹಾರದಲ್ಲೇ ಸಾಕಿದರೆ ಅಲರ್ಜಿ ತಪ್ಪೀತಲ್ಲ ಅನ್ನುವವರಿಗೂ ನನ್ನ ಉತ್ತರ ಇದೇ. ಬೆಕ್ಕು ಕಟ್ಟಾ ಮಾಂಸಾಹಾರಿ.

ಇನ್ನು ತಿನ್ನಿಸುವುದು. ಈ ಭಾಗವನ್ನು ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ಹಸಿವಾದರೆ ತಾನೇ ತಿನ್ನುತ್ತೆ ಬಿಡು ಅನ್ನುವ ಮಾತು ಬೆಕ್ಕಿನ ವಿಷಯದಲ್ಲಿ ಅಪಾಯ. ಬೆಕ್ಕು, ಅದರಲ್ಲೂ ದಪ್ಪಗಿರುವ ಬೆಕ್ಕು, ಎರಡು ಮೂರು ದಿನ ಉಪವಾಸ ಬಿದ್ದರೆ ಮೈಯ ಕೊಬ್ಬೆಲ್ಲ ಯಕೃತ್ತಿನಲ್ಲಿ ತುಂಬಿಕೊಂಡು ಜೀವಕ್ಕೇ ಕುತ್ತು ಬರಬಹುದು. ಒಂದಿಡೀ ದಿನ ಏನೂ ಮುಟ್ಟದಿದ್ದರೆ ನಾನು ಕಾಯುವುದಿಲ್ಲ, ಡಾಕ್ಟರಿಗೆ ಫೋನ್ ಮಾಡುತ್ತೇನೆ. ಚಿನ್ನಿಗೆ ಹಳೆ ತಟ್ಟೆಯ ಪಕ್ಕದಲ್ಲೇ ಹೊಸ ತಟ್ಟೆ ಇಟ್ಟೆ. ಮೊದಲಿಗೆ ಮೂಸಿ, ತಟ್ಟೆಯ ಸುತ್ತ ನೆಲ ಕೆರೆದು ಮಣ್ಣು ಮುಚ್ಚುವಂತೆ ಮಾಡಿ ಹೋಯಿತು. ಮೀಸೆಗೆ ಅಂಚು ತಾಗದ ಅಗಲ ತಟ್ಟೆ ಇಟ್ಟೆ, ಡಬ್ಬಿಯ ಆಹಾರವನ್ನು ಬಿಸಿನೀರಿನ ಬಟ್ಟಲಲ್ಲಿ ಇಟ್ಟು ಉಗುರುಬೆಚ್ಚಗೆ ಮಾಡಿ ಕೊಟ್ಟೆ. ಬೆಕ್ಕು ಊಟ ಒಪ್ಪುವುದು ಹೆಚ್ಚಾಗಿ ವಾಸನೆ ಹಿಡಿದು, ತಣ್ಣಗಿದ್ದರೆ ವಾಸನೆ ಏಳುವುದಿಲ್ಲ. ಹಳೆಯದರಲ್ಲಿ ಹೊಸದನ್ನು ಚಿಟಿಕೆ ಚಿಟಿಕೆಯಾಗಿ ಹೆಚ್ಚಿಸುತ್ತಾ ಒಂದೂವರೆ ವಾರದ ಹೊತ್ತಿಗೆ ಪೂರ್ತಿ ಬದಲಾಯಿಸಿದೆ. 8 ವಾರದ ಎಣಿಕೆ ಶುರುವಾಗುವುದು ಹಳೆಯದು ಪೂರ್ತಿ ನಿಂತ ದಿನದಿಂದ.

ಆಮೇಲೆ ಕಾವಲು. ಮನೆಯ ಇನ್ನೊಂದು ಬೆಕ್ಕು ಕರಿಯನ ತಟ್ಟೆಯೇ ದೊಡ್ಡ ತಲೆನೋವು. ಅವನನ್ನು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿ ಊಟಕ್ಕೆ ಬಿಡುತ್ತಿದ್ದೆ, ಉಂಡ ಕೂಡಲೇ ತಟ್ಟೆ ತೊಳೆಯುತ್ತಿದ್ದೆ. ಎರಡಕ್ಕೂ ಅದೇ ಆಹಾರ ಕೊಟ್ಟರೆ ಸುಲಭ, ಆದರೆ ಅದರ ಬೆಲೆ ಹಗುರವಲ್ಲ. ಚಿನ್ನಿ ಹೊರಗೆ ಹೋಗುವುದನ್ನು ನಿಲ್ಲಿಸಿದೆವು. ಹೊರಗೆ ಹಿಡಿದು ತಿನ್ನುವ ಇಲಿ, ಹಕ್ಕಿಯೂ ಪ್ರೋಟೀನೇ. ಹೆಚ್ಚು ಜನ ಮರೆಯುವುದು ಔಷಧಿಗಳನ್ನು. ಜಂತಿನ ಮಾತ್ರೆಗೆ ಮಾಂಸದ ರುಚಿ ಸೇರಿಸಿರುತ್ತಾರೆ, ಕ್ಯಾಪ್ಸೂಲಿನ ಹೊರಪದರ ಪ್ರಾಣಿಮೂಲದ ಜೆಲಟಿನ್, ಬೆಕ್ಕಿನ ಟೂತ್‌ಪೇಸ್ಟಿಗೂ ಕೋಳಿ ಅಥವಾ ಮೀನಿನ ರುಚಿ. ಡಾಕ್ಟರಿಗೆ ಮೊದಲೇ ಹೇಳಿ ರುಚಿಯಿಲ್ಲದವನ್ನು ಬರೆಸಿಕೊಂಡೆವು. ಅಮ್ಮನಿಗೆ ಮಾತ್ರ ಕಷ್ಟವಾಯಿತು. ಊಟಕ್ಕೆ ಕೂತಾಗ ಕಾಲಿಗೆ ಸುತ್ತುವ ಚಿನ್ನಿಗೆ ತುತ್ತು ಹಾಕದೆ ಅವರಿಗೆ ಅಭ್ಯಾಸವಿಲ್ಲ. "ಒಂದೇ ಚೂರು ಕಣೋ, ಅದಕ್ಕೇನಾಗುತ್ತೆ?" ಅಂದರು. "ಆ ಚೂರಿನಿಂದ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತಮ್ಮಾ" ಅಂದೆ. ಆಮೇಲೆ ಚಿನ್ನಿಯ ದಿನದ ಪಾಲಿನಿಂದಲೇ ಒಂದು ಹಿಡಿ ಕಾಳು ಡಬ್ಬಿಗೆ ಹಾಕಿ ಅಮ್ಮನ ಕೈಗೆ ಕೊಟ್ಟೆ. ಕೊಡುವ ಖುಷಿ ಅವರಿಗೆ ಉಳಿಯಿತು, ಆಹಾರವೂ ಕೆಡಲಿಲ್ಲ.

ತುರಿಕೆ ತಡೆಯಲಾಗದಷ್ಟು ಇದ್ದುದರಿಂದ ಮೊದಮೊದಲು ಡಾಕ್ಟರು ಸ್ಟೀರಾಯ್ಡ್ ಕೊಟ್ಟಿದ್ದರು. ಬೆಕ್ಕನ್ನು ನರಳಲು ಬಿಡುವುದರಲ್ಲಿ ಅರ್ಥವಿಲ್ಲ. ಆದರೆ ಅದರ ಮೇಲಿರುವಾಗ ಕಂಡ ಗುಣವನ್ನು ಆಹಾರದ ಲೆಕ್ಕಕ್ಕೆ ಹಾಕಲಾಗದು. ಅವರು ಹೇಳಿದ ಕ್ರಮದಲ್ಲಿ ಅದನ್ನು ಇಳಿಸಿ ನಿಲ್ಲಿಸಿದ ಮೇಲೂ ಕೆಲವು ವಾರ ಅದೇ ಆಹಾರ ಮುಂದುವರಿಸಿದೆವು. ವಾರಕ್ಕೊಮ್ಮೆ ಒಂದೇ ಕಿಟಕಿಯ ಬೆಳಕಿನಲ್ಲಿ ಹೊಟ್ಟೆಯ ಫೋಟೋ ತೆಗೆದಿಡುತ್ತಿದ್ದೆ. ದಿನಾ ನೋಡುವ ಕಣ್ಣಿಗೆ ಬದಲಾವಣೆ ಗೊತ್ತಾಗುವುದಿಲ್ಲ, ಫೋಟೋ ಪಕ್ಕಪಕ್ಕ ಇಟ್ಟಾಗ ಗುಲಾಬಿ ಚರ್ಮದ ಮೇಲೆ ಕೂದಲು ನೆರಳಿನಂತೆ ಮೂಡುತ್ತಿದ್ದುದು ಸ್ಪಷ್ಟವಾಗಿತ್ತು. ಕತ್ತಿನ ಹಕ್ಕಳೆ ಹೋಯಿತು. ವಾಂತಿ ಅದಕ್ಕೂ ಮುಂಚೆಯೇ ನಿಂತಿತ್ತು.

ಎಷ್ಟೋ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಗುಣವಾದ ಮೇಲೆ ಮತ್ತೆ ಯಾಕೆ ಕೆದಕಬೇಕು ಅನ್ನಿಸುವುದು ಸಹಜ, ನನ್ನ ಕೈಯೂ ತಡವರಿಸಿತು. ಆದರೂ ಹಳೆ ಆಹಾರ ವಾಪಸ್ ಕೊಡದೆ ಮಾಡಿದ ಪರೀಕ್ಷೆ ಪರೀಕ್ಷೆಯೇ ಅಲ್ಲ ಅನ್ನುವುದು ನನ್ನ ದೃಢ ಅಭಿಪ್ರಾಯ. ಚಿಗಟದ ಔಷಧಿ ತಡವಾಗಿ ಕೆಲಸ ಮಾಡಿರಬಹುದು, ಗಾಳಿಯಲ್ಲಿನ ಪರಾಗ ಕಡಿಮೆಯಾಗಿರಬಹುದು. ಖಚಿತ ಮಾಡಿಕೊಳ್ಳದೆ ಒಂದು ಜೀವವನ್ನು ಆಯಸ್ಸು ಪೂರ್ತಿ ಒಂದೇ ಆಹಾರಕ್ಕೆ ಕಟ್ಟಿಹಾಕುವುದು ಅನ್ಯಾಯ. ಡಾಕ್ಟರ ಜೊತೆ ಮಾತಾಡಿ, ಬೇಕಾದ ಔಷಧಿ ಕೈಗಿಟ್ಟುಕೊಂಡು, ಹಳೆ ಆಹಾರವನ್ನು ಸ್ವಲ್ಪ ಸ್ವಲ್ಪ ಕೊಡತೊಡಗಿದೆ. ಅಲರ್ಜಿಯಿದ್ದರೆ ಸಾಮಾನ್ಯವಾಗಿ ಎರಡು ವಾರದೊಳಗೆ ತುರಿಕೆ ಮರಳುತ್ತದೆ. ಚಿನ್ನಿಗೆ ಅದಕ್ಕಿಂತ ಬೇಗನೇ ಮರಳಿತು. ಒಂದು ಬೆಳಿಗ್ಗೆ ಕಿವಿಯ ಮುಂದಿನ ಚರ್ಮ ಕೆಂಪಾಗಿತ್ತು, ಸಂಜೆ ಹೊಟ್ಟೆ ನೆಕ್ಕಲು ಶುರು. ಆ ಕ್ಷಣವೇ ನಿಲ್ಲಿಸಿ ಹೈಡ್ರೊಲೈಸ್ಡ್ ಆಹಾರಕ್ಕೆ ಮರಳಿದೆವು, ಮತ್ತೆ ತಣಿಯಿತು. ಆಹಾರವೇ ಕಾರಣ ಅನ್ನುವುದರಲ್ಲಿ ಇನ್ನು ಸಂಶಯವಿರಲಿಲ್ಲ.

ಮುಂದಿನದು ಒಂದೊಂದೇ ಮಾಂಸ. ಹೈಡ್ರೊಲೈಸ್ಡ್ ಆಹಾರದ ಜೊತೆಗೆ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಏನೂ ಸೋಕಿಸದೆ ಬೇಯಿಸಿದ ಒಂದೇ ಬಗೆಯ ಮಾಂಸ, ಎರಡು ವಾರ. ಈರುಳ್ಳಿ, ಬೆಳ್ಳುಳ್ಳಿ ಅಲರ್ಜಿ ಇಲ್ಲದ ಬೆಕ್ಕಿಗೂ ವಿಷ, ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಕೋಳಿ ಕೊಟ್ಟಾಗ ತುರಿಕೆ ಬಂತು, ನಿಲ್ಲಿಸಿದಾಗ ಹೋಯಿತು. ಪೂರ್ತಿ ಶಾಂತವಾದ ಮೇಲೆ ಮೀನು ಕೊಟ್ಟೆ, ಏನೂ ಆಗಲಿಲ್ಲ. ಬಾತುಕೋಳಿ, ಟರ್ಕಿಯನ್ನು ಪ್ರಯತ್ನಿಸಲೇ ಇಲ್ಲ, ಕೋಳಿ ಒಗ್ಗದ ಬೆಕ್ಕಿಗೆ ಅದರ ಬಳಗದ ಹಕ್ಕಿಗಳೂ ಒಗ್ಗದಿರುವ ಸಾಧ್ಯತೆ ಇದೆ.

ಈಗ ಚಿನ್ನಿಯ ನಿತ್ಯದ ಊಟ ಕೋಳಿಯಂಶವಿಲ್ಲದ, ವಯಸ್ಕ ಬೆಕ್ಕಿಗೆ 'ಸಂಪೂರ್ಣ ಮತ್ತು ಸಮತೋಲಿತ' ಎಂದು ನಮೂದಿಸಿದ ಮೀನಿನ ಆಹಾರ. 'ಪೂರಕ ಆಹಾರ' ಎಂದಿದ್ದರೆ ಅದು ತಿಂಡಿಯಷ್ಟೇ, ಅದರ ಮೇಲೆ ಸಾಕಲಾಗದು. ಅರ್ಧ ಪಾಲು ಡಬ್ಬಿಯದು, ನೀರಿನಂಶ ಹೆಚ್ಚಿರುವುದರಿಂದ ಮೂತ್ರಕೋಶಕ್ಕೆ ಒಳ್ಳೆಯದು. ತಯಾರಕರು ಪದಾರ್ಥಗಳನ್ನು ಹೇಳದೆ ಕೇಳದೆ ಬದಲಿಸುವುದುಂಟು, ಆದ್ದರಿಂದ ಪ್ರತಿ ಹೊಸ ಚೀಲದ ಹಿಂಭಾಗ ಓದಿಯೇ ಕತ್ತರಿ ಹಾಕುತ್ತೇನೆ. ಚೀಲ ಖಾಲಿಯಾಗುವವರೆಗೆ ಲಾಟ್ ಸಂಖ್ಯೆಯಿರುವ ತುಂಡನ್ನು ಎತ್ತಿಡುತ್ತೇನೆ. ತುರಿಕೆ ಮರುಕಳಿಸಿದರೆ ಡಾಕ್ಟರಿಗೆ ಮೊದಲು ತೋರಿಸಬೇಕಾದದ್ದು ಅದನ್ನೇ. ಮೊಲದ ಮಾಂಸವನ್ನು ಮಾತ್ರ ಈವರೆಗೆ ರುಚಿ ನೋಡಲೂ ಕೊಟ್ಟಿಲ್ಲ. ಎಂದಾದರೂ ಮೀನಿಗೂ ಅಲರ್ಜಿ ಬಂದರೆ ಬೇಕಾಗುತ್ತದೆ.